ಮೂರು ಕೆಮ್ಮಿಗೂ ತೆರೆಯದ ಬಾಗಿಲು

ಈ ವರ್ಷ ಅಪ್ಪನ ತಿಥಿಯ ಅಡುಗೆಗೆ ಒಬ್ಬ ಹೆಂಗಸೂ ಕೈ ಹಚ್ಚಕೂಡದು ಎಂದು ಹ್ವಾಂಗ್ ಕಿಬೊಂಗ್ ಭೀಷ್ಮಪ್ರತಿಜ್ಞೆ ಮಾಡಿದ. ಮಾಡಿದ್ದು ದೇಗು ಪಟ್ಟಣದ ಒಂದು ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಯಲ್ಲಿ, ಬಾಯಲ್ಲಿ ಹಲ್ಲುಜ್ಜುವ ಬ್ರಶ್ಶು ಇಟ್ಟುಕೊಂಡು. ಹಾಗಾಗಿ ಅರ್ಧ ಪ್ರತಿಜ್ಞೆ ನೊರೆಯಾಗಿ ಬೇಸಿನ್ನಿಗೆ ಬಿತ್ತು. ಉಳಿದರ್ಧ ಹೆಂಡತಿ ಉನ್ಸಿಲ್‌ಳ ಕಿವಿಗೆ ಬಿತ್ತು.

ಅವಳು ಕೇಳಿದ್ದು ಇಷ್ಟೇ. "ಈ ಸಲ ತಿಥಿ ಕೆಲಸ ಹಂಚಿಕೊಳ್ಳೋಣ ರೀ. ಕರಿಯೋದು ನೀವು, ನಿಮ್ಮ ತಮ್ಮ. ಮಿಕ್ಕಿದ್ದು ನಾನು. ಸಮವಾಗಿ."

ಸಮ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕಿಬೊಂಗ್ ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿದ್ದ.

"ಸಮ ಅಂತೆ ಸಮ! ಮೂವತ್ತು ತಿಂಗಳು ಸೈನ್ಯದಲ್ಲಿ ಮೊಣಕಾಲುದ್ದ ಹಿಮ ತೋಡಿದ್ದು ಯಾರು? ನಾನು!"

"ತೋಡಿ ಅಂತ ನಾನು ಕಳಿಸಿದ್ನಾ? ಆಗ ನನಗೆ ಹದಿನೇಳು ವರ್ಷ. ನಿಮ್ಮ ಮುಖಾನೂ ನೋಡಿರ್ಲಿಲ್ಲ."

"ಕೆಳಗೆ ಕಾರು ನಿಲ್ಲಿಸೋ ಕಡೆ ಲಿಫ್ಟಿನ ಪಕ್ಕದ ಜಾಗಕ್ಕೆಲ್ಲ ಗುಲಾಬಿ ಬಣ್ಣ ಬಳಿದು ಹೆಂಗಸರಿಗೆ ಅಂತ ಬರೆದವ್ರೆ. ನಾನು ಮಂಡಿನೋವು ಇಟ್ಕೊಂಡು ಆ ತುದಿಯಿಂದ ನಡ್ಕೊಂಡು ಬರ್ಬೇಕು!"

"ಅದಕ್ಕೆ ಸೊಸೈಟಿಗೆ ನಾಲ್ಕು ಪುಟ ದೂರು ಬರೆದ್ರಲ್ಲ. ಬಣ್ಣ ಬಳಿದದ್ದೂ ನಾನಲ್ಲ. ಈಗ ಮೀನು ಕರೀತೀರೋ ಇಲ್ವೋ, ಅದನ್ನ ಹೇಳಿ."

ನಿಜ ಹೇಳಬೇಕೆಂದರೆ ಅವನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಹಿಮವೂ ಅಲ್ಲ, ಗುಲಾಬಿ ಬಣ್ಣವೂ ಅಲ್ಲ. ಅವನು ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಗೂ ಒಂದು ಬ್ರೇಕು ಇಟ್ಟುಕೊಂಡೇ ಬದುಕಿದವನು. ಈ ವಸಂತದಲ್ಲಿ ಹಿರಿಯ ಮೇಷ್ಟ್ರ ಹುದ್ದೆ ಖಾಲಿಯಾದಾಗ ಅದು ಹೋದದ್ದು ಅವನೇ ಸ್ಟೀರಿಂಗ್ ಹಿಡಿಯಲು ಕಲಿಸಿದ್ದ ಒಬ್ಬ ಹೆಣ್ಣುಮಗಳಿಗೆ. ಅವಳು ಒಳ್ಳೆಯ ಮೇಷ್ಟ್ರು ಎಂಬುದು ಅವನಿಗೂ ಗೊತ್ತಿತ್ತು, ಸಂಕಟ ಇದ್ದದ್ದೇ ಅಲ್ಲಿ. ಆ ರಾತ್ರಿ ಅವನು ಊಟ ಬಿಟ್ಟ. ಅಲ್ಲಿಂದಾಚೆ ಎಲ್ಲಿ ಹೆಂಗಸರ ಸುದ್ದಿ ಬಂದರೂ ಅವನಿಗೆ ತನ್ನ ಕಾಲಡಿಯ ಬ್ರೇಕನ್ನು ಯಾರೋ ಬಿಚ್ಚುತ್ತಿದ್ದಾರೆ ಎನ್ನಿಸಿ ಭಯವಾಗುತ್ತಿತ್ತು. ಭಯ ಎಂದು ಗಂಡಸು ಹೇಳಿಕೊಳ್ಳುವುದುಂಟೆ? ಸಿಟ್ಟು ಎಂದು ಹೇಳಿಕೊಂಡ.

"ಕರೀತೀವಿ! ಎಲ್ಲಾ ನಾವೇ ಮಾಡ್ತೀವಿ!" ಎಂದ. "ನಾನು, ತಮ್ಮ, ಇಬ್ರೇ. ಚಿಕ್ಕಪ್ಪನ ಕಣ್ಣೆದುರೇ ಎಡೆ ಇಟ್ಟು ತೋರಿಸ್ತೀವಿ. ಗೆದ್ದರೆ ಈ ಮನೇಲಿ ಇನ್ಮುಂದೆ ಸಮ, ಸಮಾನ, ಸಮಾನತೆ ಒಂದೂ ಕೇಳಿಸಕೂಡದು. ಬರೋ ವರ್ಷದಿಂದ ಬಾಯಿ ಮುಚ್ಕೊಂಡು ನೀನೇ ಕರೀಬೇಕು."

"ಸೋತರೆ?"

"ಸೋಲೋ ಮಾತೇ ಇಲ್ಲ."

"ಸೋತರೆ, ಬರೋ ವರ್ಷ ಈ ದಿನ ನಾನೆಲ್ಲಿರ್ಬೇಕು ಅಂತ ನಾನೇ ತೀರ್ಮಾನ ಮಾಡ್ತೀನಿ." ಉನ್ಸಿಲ್ ಶಾಂತವಾಗಿ ಟವೆಲ್ಲು ಮಡಚಿದಳು. "ಈ ವರ್ಷ ಹೇಗೂ ನನಗೆ ಕೆಲಸ ಇಲ್ಲ. ಬೆಳಿಗ್ಗೆನೇ ಹೊರಡ್ತೀನಿ."

ಗೆಳತಿಯರ ಜೊತೆ ಬಿಸಿನೀರಿನ ಬುಗ್ಗೆಗೆ ಹೊರಟಿದ್ದಾಳೆ ಎಂದು ಕಿಬೊಂಗ್ ಅಂದುಕೊಂಡ. ಎಲ್ಲಿಗೆ ಎಂದು ಕೇಳಲಿಲ್ಲ. ಕೇಳಿದರೆ ಗಂಡಸಿನ ಗತ್ತು ಕಡಿಮೆಯಾಗುತ್ತದಲ್ಲ!

ತಿಥಿಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ತಮ್ಮ ಕಿದೊಕ್ ಬಂದ. ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಒಲೆಯ ಮುಂದೆ ನಿಂತದ್ದು ರಾಮ್ಯೊನ್ ಶ್ಯಾವಿಗೆ ಬೇಯಿಸಲು ಮಾತ್ರ.

"ಅಣ್ಣ, ಸಾರಿಗೆ ಬೆಳ್ಳುಳ್ಳಿ ಹಾಕಿದೀನಿ, ಘಮಘಮ ಅಂತಿದೆ ನೋಡು!"

"ಅಯ್ಯೋ ಮೂರ್ಖ! ಬೆಳ್ಳುಳ್ಳಿ ವಾಸನೆಗೆ ಸತ್ತವರು ಹತ್ತಿರ ಸುಳಿಯಲ್ಲ ಕಣೋ. ಅಪ್ಪನ್ನ ಕರೆಯೋಕೆ ಮಾಡ್ತಿದೀಯೋ, ಓಡಿಸೋಕೋ?"

"ಅತ್ತಿಗೆ ಪ್ರತಿ ವರ್ಷ ಮಾಡ್ತಿದ್ರಲ್ಲ, ಅವರು ಹಾಕ್ತಿರ್ಲಿಲ್ವಾ? ಇಪ್ಪತ್ತೆರಡು ವರ್ಷ ತಿಂದಿದೀನಿ, ಗೊತ್ತೇ ಆಗ್ಲಿಲ್ಲ."

ಸಾರನ್ನು ಚೆಲ್ಲಿ ಮತ್ತೆ ಮಾಡಿದರು. ಮೀನಿನ ಚೂರುಗಳನ್ನು ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಒಂದೊಂದಾಗಿ ಕರಿಯಬೇಕು. ಒಂದೊಂದಾಗಿ ಎಂಬ ಮಾತು ಅಣ್ಣತಮ್ಮಂದಿರಿಗೆ ಹೊಳೆಯಲಿಲ್ಲ. ಇಪ್ಪತ್ತನ್ನು ಒಟ್ಟಿಗೆ ಬಾಣಲೆಗೆ ಸುರಿದರು. ಅವು ಒಂದಕ್ಕೊಂದು ಅಂಟಿಕೊಂಡು ಕೂಡುಕುಟುಂಬವಾದವು. ಅದನ್ನು ಕತ್ತರಿಯಿಂದ ಪಾಲು ಮಾಡುವಷ್ಟರಲ್ಲಿ ಕಿಬೊಂಗನ ಸೊಂಟ ಬಿದ್ದುಹೋಯಿತು. ಮೂರು ಗಂಟೆಗೆ ಅವನು ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದ.

"ಅತ್ತಿಗೆ ಇಷ್ಟೆಲ್ಲಾ ಒಬ್ರೇ ಮಾಡ್ತಿದ್ರಾ?" ಎಂದ ತಮ್ಮ.

"ಅವಳಿಗೆ ರೂಢಿ ಆಗಿದೆ" ಎಂದ ಅಣ್ಣ. ಮಾತು ಬಾಯಿಂದ ಹೊರಟ ಮೇಲೆ ಅದು ಅವನಿಗೇ ಅಷ್ಟು ರುಚಿಸಲಿಲ್ಲ.

ಆದರೂ ಎಡೆ ತಯಾರಾಯಿತು! ಸಂಜೆ ಆರೂವರೆಗೆ ಚಿಕ್ಕಪ್ಪ ಬಂದರು. ಎಂಬತ್ತೊಂದು ವರ್ಷ. ಮನೆತನದ ಶಾಸ್ತ್ರವೆಲ್ಲ ತಮ್ಮ ಕೋಲಿನ ತುದಿಯಲ್ಲಿದೆ ಎಂದು ನಂಬಿದವರು. ಮೇಜನ್ನು ಈ ಕಡೆಯಿಂದ ಆ ಕಡೆಗೆ ನೋಡಿದರು. ಅಕ್ಕಿ ಕಡುಬು, ಹಣ್ಣು, ಸಾರು, ಕತ್ತರಿಯಿಂದ ಬಿಡಿಸಿದ ಮೀನು. ಕಣ್ಣು ಕಿರಿದು ಮಾಡಿದರು.

"ಹ್ಞೂಂ. ನಡೆಯುತ್ತೆ."

ಕಿಬೊಂಗನ ಎದೆ ಎರಡಂಗುಲ ಉಬ್ಬಿತು. ಪಂದ್ಯ ಗೆದ್ದಂತೆಯೇ! ಉದ್ದನೆಯ ಬಿಳಿ ನಿಲುವಂಗಿ ತೊಟ್ಟು, ಗಂಧದ ಕಡ್ಡಿ ಹಚ್ಚಿ, ಅಪ್ಪನಿಗೆ ಮದ್ಯ ಎರೆದು, ಮೂವರೂ ಹಣೆ ನೆಲಕ್ಕೆ ಮುಟ್ಟಿಸಿದರು. ಅನ್ನದಲ್ಲಿ ಚಮಚ ನೆಟ್ಟದ್ದಾಯಿತು. ಇನ್ನು ಸತ್ತ ಹಿರಿಯರು ಊಟ ಮಾಡುವ ಹೊತ್ತು. ಉಣ್ಣುವವರ ಬಾಯಿ ನೋಡುತ್ತಾ ನಿಲ್ಲಬಾರದು. ಎಲ್ಲರೂ ಹೊರಗೆ ಹೋಗಿ, ಬಾಗಿಲು ಮುಚ್ಚಿ, ಒಂಬತ್ತು ತುತ್ತು ತಿನ್ನುವಷ್ಟು ಹೊತ್ತು ಕಾದು, ಮೂರು ಸಲ ಕೆಮ್ಮಿ ಸೂಚನೆ ಕೊಟ್ಟು ಒಳಗೆ ಬರಬೇಕು. ಕೆಲವರು ಫ್ಲ್ಯಾಟುಗಳಲ್ಲಿ ತಲೆ ತಗ್ಗಿಸಿ ಕೂತು ಮುಗಿಸುತ್ತಾರೆ. ಚಿಕ್ಕಪ್ಪನ ಹತ್ತಿರ ಅಂಥ ಆಟ ನಡೆಯುವುದಿಲ್ಲ. ಮೂವರೂ ಕಾರಿಡಾರಿಗೆ ಬಂದರು. ಬಾಗಿಲು ಹಿಂದೆ ಮುಚ್ಚಿಕೊಂಡು, ಟಿಂಗ್ ಎಂದು ತಾನಾಗಿಯೇ ಬೀಗ ಹಾಕಿಕೊಂಡಿತು.

ಕಾದರು. ಚಿಕ್ಕಪ್ಪ ಬೆರಳು ಮಡಚಿ ಒಂಬತ್ತು ಎಣಿಸಿದರು. ಗಂಭೀರವಾಗಿ ಕೆಮ್ಮಿದರು. ಒಂದು. ಎರಡು. ಮೂರು.

ಬಾಗಿಲು ತೆರೆಯಲಿಲ್ಲ.

"ಕೇಳಿಸ್ಲಿಲ್ಲ ಅಂತ ಕಾಣುತ್ತೆ" ಎಂದ ಕಿಬೊಂಗ್. ತಾನೂ ಮೂರು ಸಲ ಕೆಮ್ಮಿದ. ತಮ್ಮನೂ ಕೆಮ್ಮಿದ. ಇಡೀ ಮಹಡಿ ಕ್ಷಯದ ಆಸ್ಪತ್ರೆಯಂತಾಯಿತು.

ಆಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಪ್ಪತ್ತೆರಡು ವರ್ಷದಿಂದ ತಿಥಿ ನಡೆದಾಗಲೆಲ್ಲ ಮೂರನೇ ಕೆಮ್ಮಿಗೆ ಬಾಗಿಲು ತೆರೆದುಕೊಂಡಿತ್ತು. ಅದು ಶಾಸ್ತ್ರದ ಮಹಿಮೆ ಎಂದೇ ಅವರು ತಿಳಿದಿದ್ದರು. ಒಳಗಿನಿಂದ ಓಡಿಬಂದು ತೆರೆಯುತ್ತಿದ್ದದ್ದು ಅಡುಗೆಮನೆಯಲ್ಲಿ ನಿಂತಿದ್ದ ಉನ್ಸಿಲ್!

"ನಂಬರು ಒತ್ತೋ" ಎಂದರು ಚಿಕ್ಕಪ್ಪ.

ಬೀಗಕ್ಕೆ ನಾಲ್ಕಂಕಿಯ ಗುಟ್ಟು ನಂಬರು. ಕಿಬೊಂಗ್ ಯಾವತ್ತೂ ಅದನ್ನು ಒತ್ತಿದವನಲ್ಲ. ಕಾರಿನ ಕೀಲಿಗೊಂಚಲಿನ ಬಿಲ್ಲೆ ತೋರಿಸಿದರೆ ಬಾಗಿಲು ತೆರೆಯುತ್ತಿತ್ತು. ಗೊಂಚಲು ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಅಪ್ಪನ ಜೊತೆ ಒಳಗಿತ್ತು. ಮೂವರ ಫೋನುಗಳೂ ಅಲ್ಲೇ. ಹೋದ ತಿಂಗಳು ಉನ್ಸಿಲ್ "ಬೀಗದ ನಂಬರು ಬದಲಾಯಿಸಿದೀನಿ, ನೆನಪಿಟ್ಕೊಳ್ಳಿ" ಎಂದು ಹೇಳಿದ್ದೇನೋ ನಿಜ. ಆಗ ಟಿವಿಯಲ್ಲಿ ಬೇಸ್‌ಬಾಲ್ ನಡೆಯುತ್ತಿತ್ತು.

ತನ್ನ ಹುಟ್ಟಿದ ದಿನ ಒತ್ತಿದ. ಪೀಪ್! ಕಾರಿನ ನಂಬರು ಒತ್ತಿದ. ಪೀಪ್! ಮೂವತ್ತೈದು ವರ್ಷವಾದರೂ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ ತನ್ನ ಸೈನ್ಯದ ನಂಬರಿನ ಕೊನೆಯ ನಾಲ್ಕಂಕಿ ಒತ್ತಿದ. ಪೀಪ್!

"ಹೆಂಡತಿ ಇಟ್ಟ ನಂಬರಿಗೆ ನಿನ್ನ ಸೈನ್ಯದ ನಂಬರು ಒತ್ತುತೀಯಲ್ಲೋ!" ಚಿಕ್ಕಪ್ಪ ಕೋಲು ಕುಟ್ಟಿದರು. "ಮನೆ ಸೊಸೆ ಏನಿಟ್ಟಿರ್ತಾಳೆ? ಮಾವನ ತಿಥಿ ದಿನ ಇಟ್ಟಿರ್ತಾಳೆ. ಅದನ್ನ ಒತ್ತು. ಚಾಂದ್ರಮಾನದ್ದು."

"ಸರಿ ಚಿಕ್ಕಪ್ಪ." ಬೆರಳು ಎತ್ತಿದ. ಬೆರಳು ಅಲ್ಲೇ ನಿಂತಿತು. "ಯಾವತ್ತು ಅದು?"

"ಏನಂದೆ?"

"ಪ್ರತಿ ವರ್ಷ ಉನ್ಸಿಲ್ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಇವತ್ತು ಅಂತ ಹೇಳ್ತಾಳೆ."

"ಥೂ! ಹಿರೀ ಮಗ ಕೇಳೋ ಪ್ರಶ್ನೇನಾ ಇದು! ಸತ್ತವನು ನಿನ್ನಪ್ಪ ಕಣೋ!"

"ನೀವು ಹೇಳಿ ಚಿಕ್ಕಪ್ಪ. ಸತ್ತವರು ನಿಮ್ಮಣ್ಣ."

ಚಿಕ್ಕಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ನಂಗೂ ನಿನ್ನ ಹೆಂಡ್ತೀನೇ ಫೋನ್ ಮಾಡಿ ಹೇಳೋದು."

ತಮ್ಮನ ಕಡೆ ನೋಡುವ ಅಗತ್ಯವೇ ಬೀಳಲಿಲ್ಲ. ಅವನು ಆಗಲೇ ಗೋಡೆಯ ಕಡೆ ತಿರುಗಿ ನಿಂತಿದ್ದ. ಕಿಬೊಂಗ್ ಎರಡು ಅಂದಾಜಿನ ದಿನ ಒತ್ತಿದ. ಐದು ತಪ್ಪಾದದ್ದೇ ತಡ, ಬೀಗ ದೊಡ್ಡದಾಗಿ ಕೂಗಿಕೊಂಡು ಮುನಿಸಿಕೊಂಡಿತು. ಒಳಗೆ ಮೇಣದಬತ್ತಿ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಪೂಜೆಗೆಂದು ನಿಲ್ಲಿಸಿದ್ದ, ಅಪ್ಪನ ಹೆಸರು ಬರೆದ ಕಾಗದ ಇತ್ತು. ಅದು ನೆನಪಾಗಿ ಕಿಬೊಂಗ್ ಬಾಗಿಲ ಸಂದಿಗೆ ಮೂಗು ಹಚ್ಚಿ ಹೊಗೆಯ ವಾಸನೆ ನೋಡಿದ.

ಆಗ ಎದುರು ಮನೆಯ ಬಾಗಿಲು ತೆರೆಯಿತು. ಅಲ್ಲಿ ಒಬ್ಬಳೇ ಇರುವ ಹುಡುಗಿ ಮಿರೆ ಕೈಯಲ್ಲಿ ಔಷಧಿ ಬಾಟಲಿ ಹಿಡಿದು ನಿಂತಿದ್ದಳು. ಗುಲಾಬಿ ಜಾಗದಲ್ಲಿ ಕಾರು ನಿಲ್ಲಿಸುವವಳು. ದೂರಿನ ಎರಡನೇ ಪುಟವೆಲ್ಲ ಅವಳ ಬಗ್ಗೆಯೇ ಇತ್ತು.

"ಆಗ್ಲಿಂದ ಕೆಮ್ತಿದೀರಲ್ಲ, ಬೇಕಾ ಅಂತ ತಂದಿದೀನಿ ತಾತ."

"ಕೆಮ್ಮಲ್ಲಮ್ಮ, ಶಾಸ್ತ್ರ" ಎಂದರು ಚಿಕ್ಕಪ್ಪ, ದೀನವಾಗಿ.

ವಿಷಯ ತಿಳಿದು ಮಿರೆ ನಗಲಿಲ್ಲ. ಅದು ಅವಳ ದೊಡ್ಡತನ. ಫೋನು ಮುಂದೆ ಹಿಡಿದಳು. ಕಿಬೊಂಗ್ ತೆಗೆದುಕೊಂಡ. ತೆಗೆದುಕೊಂಡು ಸುಮ್ಮನೆ ನಿಂತ.

"ಆಂಟಿ ನಂಬರು ನೆನಪಿಲ್ವಾ ಅಂಕಲ್? ಪರವಾಗಿಲ್ಲ, ನನ್ನ ಹತ್ರ ಇದೆ. ನಾವಿಬ್ರೂ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗ್ತೀವಿ."

ಅದೂ ಅವನಿಗೆ ಗೊತ್ತಿರಲಿಲ್ಲ.

ಉನ್ಸಿಲ್ ಫೋನು ಎತ್ತಿದಳು. ಹಿಂದೆ ತುಂಬಾ ಜನರ ಮಾತು, ಪಾತ್ರೆಗಳ ಸದ್ದು.

"ಲೇ, ಬಾಗಿಲ ನಂಬರು ಎಷ್ಟೇ?"

ಅವಳಿಗೆ ಒಂದೇ ಕ್ಷಣದಲ್ಲಿ ಎಲ್ಲಾ ಅರ್ಥವಾಯಿತು. "ಚಿಕ್ಕಮಾವ ಕೆಮ್ಮಿದ್ರಾ?"

"ಮೂವರೂ ಕೆಮ್ಮಿದ್ವಿ."

"ಸೊನ್ನೆ, ಒಂಬತ್ತು, ಒಂದು, ಮೂರು."

"ಯಾವ ನಂಬರೇ ಇದು?"

"ಒಂಬತ್ತನೇ ತಿಂಗಳು ಹದಿಮೂರು. ಚಾಂದ್ರಮಾನ. ಇವತ್ತಿನ ದಿನ ರೀ."

ಕಿಬೊಂಗನ ಕಣ್ಣು ತುಂಬಿ ಬಂತು. ಫೋನಿಗೆ ಕೈ ಅಡ್ಡ ಹಿಡಿದು, "ನೋಡಿದ್ರಾ ಚಿಕ್ಕಪ್ಪ! ಅಪ್ಪನ ತಿಥಿ ದಿನಾನೇ ಇಟ್ಟಿದಾಳೆ!" ಎಂದ.

"ನಾನು ಹೇಳ್ಲಿಲ್ವಾ! ಸೊಸೆ ಅಂದ್ರೆ ಅವಳು ಕಣೋ! ಏನು ಸಮಾನತೆ ಗಿಮಾನತೆ ಅಂದ್ರೂ ಮನಸ್ಸೆಲ್ಲ ಗಂಡನ ಮನೆ ಮೇಲೇ!"

ಚಿಕ್ಕಪ್ಪನ ದನಿ ಎಂಥ ಕೈಯನ್ನಾದರೂ ದಾಟಿ ಹೋಗುವಂಥದ್ದು. ಆ ಕಡೆ ಉನ್ಸಿಲ್‌ಗೂ ಕೇಳಿಸಿತು.

"ಮಾವನ ದಿನ ಹೌದು" ಎಂದಳು. "ನಮ್ಮಮ್ಮ ಹೋದ ದಿನಾನೂ ಇದೇ ರೀ. ಒಂಬತ್ತು ವರ್ಷ ಆಯ್ತು. ಪ್ರತಿ ವರ್ಷ ಅಲ್ಲಿ ಮೀನು ಕರೀತಿದ್ದೆ, ಬರೋಕಾಗ್ತಿರ್ಲಿಲ್ಲ. ಈ ವರ್ಷ ಅಣ್ಣನ ಮನೇಲಿದೀನಿ. ಈಗ ತಾನೇ ಅಮ್ಮನಿಗೆ ನಮಸ್ಕಾರ ಮಾಡಿ ಎದ್ದೆ. ಮೊದಲನೇ ಸಲ."

ಕಿಬೊಂಗ್ ಗೋಡೆಗೆ ಒರಗಿದ. ಒಂಬತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ಅವನಿಗೂ ನೆನಪಿತ್ತು. ಫೋನು ಬಂತು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅವಳು ಚಪ್ಪಲಿ ಮೆಟ್ಟಿದಳು. ಒಲೆಯ ಮೇಲೆ ಬಿಟ್ಟು ಹೋದ ಮೀನು ಸೀದುಹೋಯಿತು, ಆ ವರ್ಷ ತಿಥಿಯೂ ಅರ್ಧಕ್ಕೇ ನಿಂತಿತು. ಆಮೇಲೆ ಎಷ್ಟು ವರ್ಷ, ನೆಂಟರೆದುರಿಗೆಲ್ಲ ಅವನು ಆ ಸೀದ ಮೀನಿನ ಕತೆ ಹೇಳಿ ನಗಿಸಿದ್ದ! ಯಾಕೆ ಸೀಯಿತು ಎಂಬುದನ್ನು ಕತೆಯಿಂದ ಬಿಟ್ಟೇಬಿಟ್ಟಿದ್ದ.

ಮಿರೆ ನಂಬರು ಒತ್ತಿದಳು. ಮುನಿಸು ಬಿಟ್ಟ ಬೀಗ ತೆರೆದುಕೊಂಡಿತು. ಮೇಣದಬತ್ತಿ ಅರ್ಧ ಉರಿದು ನಿಂತಿತ್ತು, ಕಾಗದ ಕ್ಷೇಮವಾಗಿತ್ತು. ಚಿಕ್ಕಪ್ಪ ಒಳಗೆ ಹೋದರು. ಹಿಂದೆಯೇ ತಮ್ಮ. ಕಿಬೊಂಗ್ ಮಾತ್ರ ಹೊಸ್ತಿಲಲ್ಲೇ ಉಳಿದ.

"ಪಂದ್ಯ ನಾನು ಸೋತೆ ಕಣೇ."

"ಎಡೆ ಚೆನ್ನಾಗಿಟ್ರಂತಲ್ಲ, ಕಿದೊಕ್ ಫೋಟೋ ಕಳಿಸಿದ್ದ."

"ಆದ್ರೂ ಸೋತೆ. ಬರೋ ವರ್ಷ ನೀನು ಅಲ್ಲೇ ಇರು. ನಮ್ಮಪ್ಪಂದು ತಮ್ಮ ನೋಡ್ಕೋತಾನೆ. ನಾನೂ... ನಾನೂ ಅಲ್ಲಿಗೆ ಬರ್ಲಾ?"

"ಬನ್ನಿ, ಬೇಡ ಅಂದೋರ್ಯಾರು. ಆದ್ರೆ ಈ ಮನೇಲಿ ಒಂದು ರೂಢಿ ಇದೆ. ಕರಿಯೋದೆಲ್ಲ ಅಳಿಯಂದಿರೇ. ಬೆಳಿಗ್ಗೆ ಆರಕ್ಕೆ ಒಲೆ ಮುಂದೆ ಇರ್ಬೇಕು."

ಕಿಬೊಂಗ್ ಸೊಂಟ ನೀವಿಕೊಂಡ.

"ಆಯ್ತು, ಬರ್ತೀನಿ" ಎಂದ. "ಮೀನು ಸೀದ್ರೆ ವರ್ಷಗಟ್ಟಲೆ ಆಡ್ಕೋಬೇಡಿ ಅಂತ ನಿಮ್ಮಣ್ಣಂಗೆ ಈಗ್ಲೇ ಹೇಳಿಡು."