ಭಾಗವ್ವ ಹಾಡ್ಯಾಡಿ ಅತ್ತದ್ದು

ಶಿವಶರಣನಿಗೆ ಬೇಕಾಗಿದ್ದುದು ನಾಲ್ಕೇ ನಾಲ್ಕು ನಿಮಿಷ ಸದ್ದಿಲ್ಲದ ಹೊತ್ತು. ಅವನ ಊರು ಉಮದಿಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತಿತ್ತು.

ಪುಣೆಯ ಸಂಗೀತ ಕಂಪನಿಯೊಂದು ಅವನ ಹಾಡೊಂದನ್ನು ಮೆಚ್ಚಿ, ಇನ್ನೊಂದನ್ನು ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಕಳಿಸಲು ಹೇಳಿತ್ತು. ಮೂರು ವರ್ಷದಿಂದ ತಾನೇ ಬರೆದು, ತಾನೇ ರಾಗ ಹಾಕಿ, ಹೆಚ್ಚುಕಡಿಮೆ ತಾನೇ ಕೇಳುತ್ತ ಬಂದ ಹುಡುಗ ದಣಿದು ಹೋಗಿದ್ದ. ಹಾಡಲು ಕರೆದ ಮದುವೆಯವರು ಎರಡನೇ ಹಾಡಿಗೇ ಡಿಜೆ ಹಚ್ಚಿದ್ದರು. “ಇದ ಕಡೀದು ನೋಡಪಾ. ಆಗಲಿಲ್ಲಂದ್ರ ನಾಳಿಂದ ಗೊಬ್ಬರದ ಅಂಗಡ್ಯಾಗ ಕುಂದ್ರು,” ಎಂದು ಹೇಳಿ ಅಪ್ಪ ಬೆಳಗ್ಗೆಯೇ ಜತ್ತಕ್ಕೆ ಹೋಗಿದ್ದ.

ಸದ್ದು ತಡೆಯಲೆಂದು ಕುರಿಗಾರ ಅಮೋಗಸಿದ್ದನ ಮನೆಯಿಂದ ಆರು ಕಂಬಳಿ ತಂದು ಕಿಟಕಿ ಬಾಗಿಲಿಗೆಲ್ಲ ಇಳಿಬಿಟ್ಟ. ಕೋಣೆ ತುಂಬ ಕುರಿಯ ವಾಸನೆ ಇಡಿಕಿರಿಯಿತು. ಅದಕ್ಕೆ ಊದಿನಕಡ್ಡಿಯ ಅರ್ಧ ಕಟ್ಟನ್ನೇ ಹಚ್ಚಿದ. ನಾಲ್ಕು ದಿನದಿಂದ ಜ್ವರ ಬಂದು ಮಲಗಿದ್ದ ಅವನ ಆಯಿ, ಅಪ್ಪನ ತಾಯಿ ಗೌರವ್ವ, ಮಾತ್ರ ಅಲ್ಲಿಂದ ಏಳಲು ಒಪ್ಪಲಿಲ್ಲ.

“ಕೆಮ್ಮೂದಿಲ್ಲೋ ಮಾರಾಯಾ, ಹಾಡು ನೀ,” ಎಂದಳು.

ಅವನು ಗಿಟಾರ್ ಹಿಡಿದು ಶುರು ಮಾಡಿದ. ಮೊದಲ ಸಲ ಕೆಮ್ಮಿದಳು. ಎರಡನೇ ಸಲ, ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದಳು. ಅಷ್ಟರಲ್ಲಿ ಹನ್ನೊಂದೂವರೆ ಆಗಿತ್ತು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಓಣಿಯಲ್ಲಿ ಹಾಡುಹಗಲೇ ಬಾಗಿಲಿಕ್ಕಿ, ಹೊಗೆ ಹೊರಬರುವಷ್ಟು ಊದಿನಕಡ್ಡಿ ಹಚ್ಚಿ, ತಂತಿ ಮೀಟುತ್ತ ಮೆಲ್ಲಗೆ ಯಾರಾದರೂ ಹಾಡಿದರೆ ಅದಕ್ಕೆ ಅರ್ಥ ಒಂದೇ. ಒಳಗೆ ಹೆಣ ಕೂರಿಸಿದ್ದಾರೆ, ಭಜನೆ ನಡೆದಿದೆ. ಪಕ್ಕದ ಮನೆಯ ಸೋಮನಿಂಗಪ್ಪ ಕಟ್ಟೆಯ ಮೇಲೆ ಕೂತವನು ಮೂಗಾಡಿಸಿ ನೋಡಿದ, ಕಿವಿಗೊಟ್ಟ, ಟೊಪ್ಪಿಗೆ ತೆಗೆದ. ಮರುಗಳಿಗೆಯಲ್ಲಿ ಗೌರವ್ವನ ನೆಂಟರಿದ್ದ ಶೇಗಾಂವಕ್ಕೂ ಸೊರಡಿಗೂ ಫೋನು ಹೋಯಿತು. ಪೇಟೆಯಿಂದ ಹಾರ ಬಂತು.

ಎಲ್ಲಕ್ಕಿಂತ ಮೊದಲು ಬಂದವಳು ಎದುರು ಮನೆಯ ಭಾಗವ್ವ. ಊರಲ್ಲಿ ಯಾರು ಸತ್ತರೂ ಅವರ ಗುಣಗಾನ ಮಾಡಿ ಹಾಡ್ಯಾಡಿ ಅಳಲು ಅವಳೇ ಬೇಕು. ಶಿವಶರಣ ಮೂರನೇ ಸಲ ಶುರು ಮಾಡಿ ಎರಡು ಸಾಲು ಹಾಡಿದ್ದನಷ್ಟೇ, ಹೊಸ್ತಿಲಾಚೆ ಅವಳ ದನಿ ಎದ್ದಿತು.

“ಹೇಳದ ಹೋದೇನ ಗೌರವ್ವಾ, ನನ ಗೆಳತೀ… ಹಸದ ಬಂದವರಿಗೆ ಬಿಸಿ ರೊಟ್ಟಿ ಬಡಿದಾಕಿ ನೀ…”

ಶಿವಶರಣ ದಡಬಡಿಸಿ ಏಳಹೋದ. ಆಯಿ ಅವನ ಅಂಗಿ ಹಿಡಿದು ಜಗ್ಗಿದಳು.

“ಕುಂದ್ರೋ ಸುಮ್ನ! ಪೂರಾ ಹಾಡ್ಲಿ.”

“ಆಯಿ, ನೀ ಸತ್ತಿ ಅಂತ ಅಳಾಕತ್ಯಾಳ!”

“ಗೊತ್ತೈತಿ. ಖರೇನ ಸತ್ತಾಗ ನನಗ ಕೇಳತೈತೇನು? ನೀ ಸ್ವಲ್ಪ ತಂತಿ ಮೀಟು, ಪಾಪ, ಒಬ್ಬಾಕೀನ ಹಾಡಾಕತ್ಯಾಳ.”

ಭಾಗವ್ವ ಗೌರವ್ವನ ಕೈಗುಣ ಹಾಡಿದಳು, ತವರು ಹಾಡಿದಳು, ಕರಗಿ ಹೋದ ಬಂಗಾರ ಹಾಡಿದಳು. ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೇಡ ಬೇಡವೆಂದರೂ ಶಿವಶರಣನ ಬೆರಳುಗಳು ಆ ದನಿಯ ಹಿಂದೆ ಹೋದವು. ಅದು ಮುಗಿದಾಗ ಹನ್ನೆರಡಕ್ಕೆ ಎರಡೇ ನಿಮಿಷ ಉಳಿದಿತ್ತು. ಕೊನೆಮುಟ್ಟಿದ ರೆಕಾರ್ಡಿಂಗ್ ಅದೊಂದೇ. ಕಣ್ಣು ಮುಚ್ಚಿ ಕಳಿಸಿಬಿಟ್ಟ.

ಬಾಗಿಲು ತೆರೆದು ಗೌರವ್ವ ಹೊರಗೆ ಬಂದಾಗ ಭಾಗವ್ವ ಕೆಂಡವಾದಳು.

“ಸತ್ತಿಲ್ಲಂದ್ರ ಮೊದಲ ಹೇಳಬಾರದಾ? ಗಂಟಲ ಹರಕೊಂಡೆನಲ್ಲ!”

ಮೂರು ಗಂಟೆಗೆ ಪುಣೆಯಿಂದ ಫೋನು ಬಂತು. ಅಲ್ಲಿಯ ಸಾಹೇಬರು ಮರಾಠಿಯಲ್ಲಿ ಉಕ್ಕಿ ಉಕ್ಕಿ ಮಾತಾಡಿದರು. ಇಂಥ ದನಿಯನ್ನು ಹುಟ್ಟಿದಂದಿನಿಂದ ಕೇಳಿಲ್ಲವಂತೆ. ಶಿವಶರಣನ ಎದೆ ಹಿಗ್ಗಿತು. ಯಾರು ಆ ತಾಯಿ, ಎಂದು ಕೇಳಿದರು ಸಾಹೇಬರು. ಅವನು ಹಾಡಿದ ಮೊದಲೆರಡು ಸಾಲನ್ನು ಕತ್ತರಿಸಬಹುದಂತೆ. ಗಿಟಾರ್ ಇಲ್ಲದಿದ್ದರೂ ನಡೆದೀತು. ಆ ತಾಯಿಯ ಇನ್ನೊಂದು ಹಾಡು, ವಿಡಿಯೊ ಸಮೇತ, ಐದರೊಳಗೆ ಬಂದರೆ ಕರಾರು ಖಾಯಂ. ಹುಡುಗಿಯಿಂದ ಬೇಡವೆನಿಸಿಕೊಂಡು ಅವಳ ಮದುವೆಗೇ ಬಡಿಸಲು ನಿಂತವನಂತಾಯಿತು ಅವನ ಸ್ಥಿತಿ. ಆದರೂ ಹೋಗಿ, ಕಟ್ಟೆಯ ಮೇಲೆ ಆಯಿಯ ಜೊತೆ ಕೂತಿದ್ದ ಭಾಗವ್ವನಿಗೆ ಹೇಳಿದ. ಕಂಪನಿ ತನ್ನ ಮೂಲಕವಾದರೂ ಊರಿಗೆ ಬರಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

“ಹಾಡತೀನೋ ತಮ್ಮಾ,” ಎಂದಳು ಭಾಗವ್ವ, “ಖರೆ, ಮುಂದ ಹೆಣ ಇಲ್ಲದ ನನಗ ಹಾಡ ಹೆಂಗ ಬರಬೇಕು?”

ಎಲ್ಲರೂ ಗೌರವ್ವನ ಕಡೆ ನೋಡಿದರು. “ನಂದು ಮುಗದೈತಿ,” ಎಂದು ಅವಳು ಕೈಯಾಡಿಸಿದಳು. “ಒಬ್ಬರಿಗೆ ಎರಡ ಸಲ ಅಳಬಾರದು.”

ಸೋಮನಿಂಗಪ್ಪನ ಕೈಯಲ್ಲಿ ಹಾರ ಇನ್ನೂ ಬಾಡಿರಲಿಲ್ಲ. ಅವನು ಅದನ್ನೊಮ್ಮೆ ನೋಡಿದ, ಶಿವಶರಣನನ್ನೊಮ್ಮೆ ನೋಡಿದ.

ನಾಲ್ಕೂವರೆಗೆ ಶಿವಶರಣ ಗೋಡೆಗೊರಗಿ, ಮೈತುಂಬ ವಿಭೂತಿ ಬಳಿಸಿಕೊಂಡು, ಕೊರಳಲ್ಲಿ ಹಾರ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಮೂರು ವರ್ಷದ ದಣಿವಿಗೆ ಹಾಗೆ ಕೂತದ್ದು ಹಿತವಾಗಿಯೇ ಇತ್ತು. ಭಾಗವ್ವ ಎದೆ ಬಡಿದುಕೊಂಡು ದನಿ ಎತ್ತಿದಳು.

“ಎಂಥಾ ಹಾಡ ಕಟ್ಟಿದ್ಯೋ ನನ ಕಂದಾ… ಓಣಿ ಆಚಿ ಕುಂತ ದಿನಾ ಕೇಳತಿದ್ದೆನಲ್ಲೋ… ಇನ್ನ ಯಾರ ಹಾಡತಾರೋ…”

ಇದನ್ನು ಯಾರಾದರೂ ಅವನ ಮುಂದೆ ಒಮ್ಮೆ, ಒಂದೇ ಒಂದು ಸಲ, ಹೇಳಿದ್ದರೆ! ಮುಚ್ಚಿದ ಕಣ್ಣಿನ ಸಂದಿನಿಂದ ನೀರು ಇಳಿದು ವಿಭೂತಿಯ ಮೇಲೆ ಗೆರೆ ಎಳೆಯಿತು.

“ಏ ಶರಣಾ!” ಮೊಬೈಲು ಹಿಡಿದಿದ್ದ ಸೋಮನಿಂಗಪ್ಪ ಗದರಿದ. “ಹೆಣ ಅಳಬಾರದೋ! ಭಾಗಕ್ಕಾ, ಮತ್ತ ಮೊದಲಿಂದ ಹಾಡ್ರಿ.”