ಕಪಾಟಿನೊಳಗೆ ಚಳಿಗಾಲ

ಸೂರ್ಯನಿಗೇ ಟೈಮ್‌ಟೇಬಲ್ ಹಾಕಿಕೊಟ್ಟ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಇಳಕಲ್ಲಿನಲ್ಲಿದ್ದಾನೆ. ಹೇಳಿಕೊಳ್ಳಲು ನಾಚಿಕೆ, ನನ್ನ ಸ್ವಂತ ಕಾಕಾ!

ಕಾಕಾ ಎಂದರೆ ನನ್ನಪ್ಪನ ತಮ್ಮ. ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಯಾವ ಬಸ್ಸು ಎಷ್ಟಕ್ಕೆ ಬರಬೇಕು, ಎಷ್ಟಕ್ಕೆ ಬಿಡಬೇಕು ಎಂದು ಮೈಕಿನಲ್ಲಿ ಕೂಗುವುದು, ಬಿಡದಿದ್ದರೆ ಡ್ರೈವರನ ಮೇಲೆ ಹರಿಹಾಯುವುದು, ಇದು ಅವನ ನೌಕರಿ. ಒಮ್ಮೆ ಸ್ವಂತ ಅತ್ತೆ ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು ಓಡೋಡಿ ಬರುತ್ತಿದ್ದರೂ ಅವನು ಬಾಗಲಕೋಟೆ ಬಸ್ಸಿಗೆ ಸೀಟಿ ಊದಿಸಿಬಿಟ್ಟ. "ಅತ್ತಿ ಸಲುವಾಗಿ ಒಂದ ನಿಮಿಷ ಬಸ್ ತಡದ್ರ, ನಾಳೆ ಊರ ಮಂದಿಗೆಲ್ಲಾ ತಡೀಬೇಕಾಗ್ತೈತಿ" ಎಂದನಂತೆ. ಆಕೆ ತೀರಿಕೊಳ್ಳುವ ತನಕ ಅಳಿಯನೆದುರು ಗಡಿಯಾರದ ಸುದ್ದಿ ತೆಗೆಯಲಿಲ್ಲ.

ಅವನು ನೌಕರಿ ಬಿಟ್ಟರೂ ನೌಕರಿ ಅವನನ್ನು ಬಿಟ್ಟಿತೇ? ಮನೆಯಲ್ಲಿ ಊಟಕ್ಕೆ ಕುಳಿತರೆ, "ಎರಡನೇ ರೊಟ್ಟಿ ನಾಲ್ಕು ನಿಮಿಷ ತಡವಾಗಿ ಆಗಮಿಸಲಿದೆ" ಎಂದು ಘೋಷಣೆ. ದಿನಾ ಸಂಜೆ ಆರೂವರೆಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಬಾದಾಮಿ ಬಸ್ಸು ಸರಿಯಾಗಿ ಬಿಟ್ಟಿತೋ ಇಲ್ಲವೋ ನೋಡಿಕೊಂಡು ಬಂದರೇ ಅವನಿಗೆ ಸಮಾಧಾನ. ಈಗಿನ ಕಂಟ್ರೋಲರ್ ಇವನನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಾನೆ. ಗೌರವಕ್ಕಲ್ಲ, ಅಂಜಿಕೆಗೆ.

ಇಂಥವನ ಹೆಂಡತಿ ನಮ್ಮ ಚಿಗವ್ವ. ಬೇವೂರಿನ ಹೆಣ್ಣುಮಗಳು. ಯಾವುದಕ್ಕೂ ಅವಸರವಿಲ್ಲ. ಮೂರು ವರ್ಷದಿಂದ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದನಿ ಕೇಳಿ ಮನುಷ್ಯರ ಗುರುತು ಹಿಡಿಯುತ್ತಿದ್ದಳು. ಒಂದು ದಿನ ಹಗ್ಗದ ಮೇಲೆ ಒಣಹಾಕಿದ ಸೀರೆಗೆ, "ಬಾರವಾ, ಎಷ್ಟೊತ್ತು ನಿಂದರ್ತಿ, ಕುಂದ್ರು" ಅಂದಳು. ಸೀರೆ ಕೂರಲಿಲ್ಲ. "ಭಾಳ ಸೊಕ್ಕ ನೋಡಾಕಿಗೆ" ಎಂದು ಬೈದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಾನೇ ಹೋಗಿ ಆ ಸೀರೆ ಮಡಚಿಟ್ಟೆ.

ಆಪರೇಶನ್ ಎಂದರೆ ಮಾತ್ರ ಆಕೆಗೆ ಜೀವವೇ ಹೋದಂತೆ. ಅದಕ್ಕೊಂದು ನೆವ ಇಟ್ಟುಕೊಂಡಿದ್ದಳು. ಹಿತ್ತಲಲ್ಲಿ ಆಕೆಯ ತವರಿನಿಂದ ತಂದ ಸೇವಂತಿಗೆ ಗಿಡಗಳಿದ್ದವು. ಗುಂಡಿಯಷ್ಟು ಸಣ್ಣ ಹಳದಿ ಹೂ, ದೀಪಾವಳಿ ದಾಟಿದ ಮೇಲೆಯೇ ಬಿಡುವ ಜಾತಿ. "ಸೇವಂತಿ ಅರಳಲಿ. ಸಂಗಮನಾಥಗ ಏರಿಸಿ ಬರ್ತೇನಿ. ಆಮ್ಯಾಲ ಡಾಕ್ಟರಗ ಕಣ್ಣ ಕೊಡ್ತೇನಿ" ಎನ್ನುತ್ತಿದ್ದಳು. ಮೊದಲ ವರ್ಷ ಅರಳಿತು. "ಚಳ್ಯಾಗ ಕಣ್ಣ ಕೊಯ್ಸಬಾರದಂತ" ಅಂದಳು. ಎರಡನೇ ವರ್ಷ ಯಾರದೋ ಮದುವೆ ಅಡ್ಡ ಬಂತು. ಮೂರನೇ ವರ್ಷ ಮೊಗ್ಗುಗಳನ್ನೆಲ್ಲ ಓಣಿಯ ಆಡು ತಿಂದಿತು. ಹಿತ್ತಲ ಬಾಗಿಲು ತೆರೆದಿಟ್ಟವರು ಯಾರು ಎಂಬ ತನಿಖೆ ಇನ್ನೂ ಮುಗಿದಿಲ್ಲ!

ಈ ವರ್ಷ ಯುಗಾದಿ ಮುಗಿಸಿ ಬಾಗಲಕೋಟೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕಾಕಾನನ್ನು ಬದಿಗೆ ಕರೆದರು. "ಪೊರಿ ಭಾಳ ಬಲತೈತ್ರಿ. ಮತ್ತ ಚಳಿಗಾಲದ ತನಕಾ ಕಾಯಬ್ಯಾಡ್ರಿ. ತಡಾ ಆದ್ರ ನಾ ಖಾತ್ರಿ ಕೊಡಂಗಿಲ್ಲ" ಎಂದರು. ಕಾಕಾನ ಮುಖ ಸಣ್ಣದಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಚಿಗವ್ವ ಮಾತ್ರ ಆರಾಮ. "ಆತ ತಗೋರಿ. ಈ ಸರ್ತಿ ಸೇವಂತಿ ಅರಳಿದ ವಾರದಾಗ ಮಾಡಿಸ್ಕೊತೇನಿ. ಸಂಗಮನಾಥನ ಆಣಿ" ಅಂದಳು. ಆಣೆ ಇಡಲಿಕ್ಕೇನು, ದೀಪಾವಳಿ ಇನ್ನೂ ಎಲ್ಲಿಯೋ ಇತ್ತು!

ನಾನು ಹುನಗುಂದದಲ್ಲಿ ಶಾಲೆಯ ಟೀಚರು, ಅಲ್ಲೇ ಇಳಿಯಬೇಕಿತ್ತು. ಇಳಿಯುವಾಗ ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಂದ್ರ ಇಕಿಗೆ ಬೇಕಾಗಿದ್ದು ಸೇವಂತಿ. ಸೇವಂತಿಗೆ ಬೇಕಾಗಿದ್ದು ಚಳಿಗಾಲ. ಆತು, ಚಳಿಗಾಲಾನ ಮನಿಗೆ ತರ್ತೇನಿ."

ಬಿಸಿಲು ನೆತ್ತಿಗೇರಿದೆ ಎಂದುಕೊಂಡು ಇಳಿದುಹೋದೆ.

ಮುಂದಿನ ಭಾನುವಾರ ಇಳಕಲ್ಲಿಗೆ ಹೋದರೆ, ಚಿಗವ್ವನ ತವರಿನ ತೇಗದ ಕಪಾಟು ಖಾಲಿ! ಸೀರೆಗಳೆಲ್ಲ ಟ್ರಂಕಿಗೆ ವರ್ಗವಾಗಿದ್ದವು. ಕಪಾಟಿನ ಒಳಮೈಗೆ ಮದುವೆ ಮಂಟಪಕ್ಕೆ ಅಂಟಿಸುವ ಬೆಳ್ಳಿ ಕಾಗದ. ಮೇಲೆ ಗಣಪತಿ ಪೆಂಡಾಲಿನ ಕೆಂಪು-ನೀಲಿ ದೀಪದ ಸರ. ಹಿಂಬದಿಗೆ ತೂತು ಕೊರೆದು, ಕೆಟ್ಟ ಕಂಪ್ಯೂಟರಿನಿಂದ ಕಿತ್ತ ಸಣ್ಣ ಫ್ಯಾನು. ಎರಡು ಮಗ್ಗುಲಿಗೂ ಒದ್ದೆ ಗೋಣಿತಟ್ಟು, ಕೆಳಗೆ ತಂಪಿಗೆಂದು ನೀರಿನ ಮಡಕೆ. ನಡುವೆ ಡಬ್ಬಿಗಳಲ್ಲಿ ಆರು ಸೇವಂತಿಗೆ ಗಿಡ, ಕಂಗಾಲಾಗಿ ನಿಂತಿದ್ದವು. ಮೊದಲ ದಿನ ಸ್ವಿಚ್ ಒತ್ತಿದಾಗ ಕಪಾಟಿನಲ್ಲಿ ಬೆಳಗಾಯಿತಂತೆ, ಉಳಿದ ಓಣಿಯಲ್ಲಿ ಕತ್ತಲಾಯಿತಂತೆ!

ಬಾಗಿಲಿಗೆ ಕೆಂಪು ಅಕ್ಷರದ ಬೋರ್ಡು: 'ಬೆಳಗು: ಮುಂಜಾನೆ ಆರು. ರಾತ್ರಿ: ಸಾಯಂಕಾಲ ನಾಲ್ಕು. ಮಧ್ಯೆ ನಿಲುಗಡೆ ಇಲ್ಲ.'

"ನಾಲ್ಕಕ್ಕ ಎಲ್ಲಿ ರಾತ್ರಿ ಆಗತೈತೋ ಕಾಕಾ?" ಎಂದೆ.

"ಸೇವಂತಿಗೆ ಥಂಡಿ ಬ್ಯಾಡವಾ, ಉದ್ದನ್ನ ರಾತ್ರಿ ಬೇಕು. ರಾತ್ರಿ ಉದ್ದ ಆದ್ರ ಚಳಿಗಾಲ ಬಂತಂತ ತಿಳಕೊಂಡು ಹೂ ಬಿಡತೈತಿ. ಹದಿನಾಲ್ಕ ತಾಸು ಕತ್ತಲಾ ಮಾಡೇನಿ. ಗಿಡಕ್ಕ ಮೋಸ ಮಾಡೂದು ಭಾಳ ಸರಳ. ನಿಮ್ಮ ಚಿಗವ್ವಗ ಮಾಡೂದ ಕಠಿಣ."

ಈ ವಿದ್ಯೆ ಎಲ್ಲಿ ಕಲಿತೆ ಎಂದು ಕೇಳಿದೆ. ಹೆಮ್ಮೆಯಿಂದ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ಎದೆಯ ತನಕ ಗಡ್ಡ ಬಿಟ್ಟ ಒಬ್ಬ ಪರದೇಶಿ, ಇಂಥದೇ ಕಪಾಟಿನ ಎದುರು ನಿಂತು, ಅರೆಗಣ್ಣು ಮುಚ್ಚಿ, ನಿಧಾನಕ್ಕೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಕಾಕಾನಿಗೆ ಇಂಗ್ಲಿಷ್ ಬಾರದು. ಕೈಸನ್ನೆ ನೋಡಿಯೇ ಕಲಿತಿದ್ದ. "ನಮ್ಮ ಗುರುಗಳು. ಎಷ್ಟ ಶಾಂತ ಅದಾರ ನೋಡು, ಯೋಗಿಗಳಂಗ" ಎಂದ. ನಾನು ವಿಡಿಯೋದ ಕಪಾಟಿನಲ್ಲಿದ್ದ ಗಿಡ ನೋಡಿದೆ. ಐದು ಬೆರಳಿನ, ಏಳು ಬೆರಳಿನ ಎಲೆ!

"ಕಾಕಾ! ಇದು ಗಾಂಜಾದ ಗಿಡಾ!"

"ಹೌದೇನು? ನಾ ಪರದೇಶದ ಸೇವಂತಿ ಎಲಿ ಜರಾ ಉದ್ದ ಇರತಾವೇನೋ ಅಂತ ಮಾಡಿದ್ದೆ" ಎಂದ. ಸ್ವಲ್ಪವೂ ವಿಚಲಿತನಾಗಲಿಲ್ಲ. "ಇರವಲ್ದ್ಯಾಕ. ಆ ಗಿಡಕ್ಕೂ ಉದ್ದ ರಾತ್ರಿ, ನಮ್ಮದಕ್ಕೂ ಉದ್ದ ರಾತ್ರಿ. ಬಸ್ ಬ್ಯಾರೆ, ರೂಟ್ ಒಂದ!"

ಗುರುಗಳು ಶಾಂತರಾಗಿದ್ದ ಕಾರಣ ನನಗಂತೂ ತಿಳಿಯಿತು.

ಈ ವಿಡಿಯೋ ಯಾರಿಗೂ ತೋರಿಸಬೇಡ ಎಂದು ಕೈಮುಗಿದು ಹೇಳಿ ಬಂದೆ. ಕೇಳುವ ಜೀವವೇ? ಕಿಟಕಿಯಿಂದ ದಿನಾ ಬೀಳುವ ನೇರಳೆ ಬೆಳಕು ನೋಡಿ ಓಣಿಯವರು ಮೊದಲು ಮಾಟ ಅಂದರು, ಆಮೇಲೆ ಅದಕ್ಕಿಂತ ದೊಡ್ಡದೇನೋ ಅಂದರು. ಒಂದು ಮಧ್ಯಾಹ್ನ ಪೊಲೀಸಪ್ಪ ಬಂದ. "ಅಜ್ಜಾರ, ಕಪಾಟಿನಾಗ ಏನೋ ಬೆಳ್ಯಾಕತ್ತೀರಂತ?" ಎಂದು ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಸೇವಂತಿಗೆ ಎಂದು ಹೇಳಿ ಮುಗಿಸುತ್ತಿದ್ದರು. ನಮ್ಮ ಕಾಕಾ, "ಬರ್ರಿ ಸಾಹೇಬ್ರ, ಕುಂದರ್ರಿ. ಮೊದಲ ಪದ್ಧತಿ ತಿಳ್ಕೋರಿ" ಎಂದು ಫೋನ್ ತೆಗೆದು ಗುರುಗಳ ಪೂರ್ತಿ ಪ್ರವಚನ ತೋರಿಸಿದ! ಪೊಲೀಸಪ್ಪನ ಕೈ ತಾನಾಗಿಯೇ ಲಾಠಿಯ ಕಡೆಗೆ ಹೋಯಿತು.

ಕಪಾಟು ತೆಗೆಸಿದ. ಹೂವಿದ್ದರೆ ಗುರುತು ಸಿಗುತ್ತಿತ್ತು, ಹೂ ಎಲ್ಲಿದೆ? ಒಂದು ಎಲೆ ಕಿತ್ತು, ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದ. ಹಿಡಿದವನು ಹಾಗೆಯೇ ನಿಂತ. ಮತ್ತೊಮ್ಮೆ ಮೂಸಿದ. "ಇದು ನಮ್ಮವ್ವನ ಹಿತ್ತಲದ ಸೇವಂತಿ ವಾಸನಿ ಐತಿ!" ಎಂದ. ಚಿಗವ್ವ ಒಳಗಿನಿಂದ ಒಂದು ಬಶಿಯಲ್ಲಿ ಮಂಡಕ್ಕಿ ಸುಸಲಾ, ಜೊತೆಗೆ ಚಹಾ ತಂದಳು. ಪೊಲೀಸಪ್ಪ ಗೂಟಕ್ಕೆ ಹಾಕಿದ್ದ ಟೋಪಿಯ ಕಡೆಗೆ ಬಶಿ ಚಾಚಿ, "ತಗೋಳಪಾ" ಅಂದಳು. ಪೊಲೀಸಪ್ಪ ತಾನೇ ಹತ್ತಿರ ಬಂದು ಬಶಿ ತೆಗೆದುಕೊಂಡ. ಹೋಗುವಾಗ, "ಯಾವಾಗ ಅರಳತಾವ್ರಿ? ಅಮ್ಮಾರ ಕಣ್ಣ ಭಾಳ ತ್ರಾಸ ಕೊಡಾಕತ್ತಾವ" ಎಂದು ಕೇಳಿದ. ಕಾಕಾ ಮಡಕೆಗೆ ನೀರು ಸುರಿಯುವ ನೆವದಲ್ಲಿ ಕಪಾಟಿನೊಳಗೆ ತಲೆ ಹಾಕಿದ.

ಯಾಕೆಂದರೆ ಅರಳುವ ಲಕ್ಷಣವೇ ಇರಲಿಲ್ಲ. ಎರಡು ತಿಂಗಳಾಯಿತು, ಗಿಡಗಳು ಹಸಿರಾಗಿ, ದಷ್ಟಪುಷ್ಟವಾಗಿ, ಸೊಸೆ ಕಂಡ ಅತ್ತೆಯಂತೆ ಬಿಗುಮಾನದಿಂದ ನಿಂತಿದ್ದವು. ಒಂದು ಮೊಗ್ಗಿಲ್ಲ! ಕಾಕಾ ಬಲ್ಬು ಬದಲಿಸಿದ, ಗೊಬ್ಬರ ಬದಲಿಸಿದ. ಕೊನೆಗೆ ಗಿಡಗಳಿಗೇ ನೋಟಿಸು ಜಾರಿ ಮಾಡಿದ. ಕಪಾಟಿನ ಒಳಗೆ ಅಂಟಿಸಿದ್ದನ್ನು ನಾನೇ ಕಣ್ಣಾರೆ ಓದಿದ್ದೇನೆ: 'ನಿಗದಿತ ಸಮಯಕ್ಕೆ ಹೂ ಬಿಡದಿರುವುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಹಿತ್ತಲಿಗೆ ವರ್ಗಾಯಿಸಲಾಗುವುದು.' ನಾನು ನಕ್ಕೆ. ಅವನು ನಗಲಿಲ್ಲ. "ದಿನಗೋಳು ಹೋಗಾಕತ್ತಾವವಾ. ನಿನ್ನೆ ಆಕಿ ಒಲಿ ಮ್ಯಾಲ ಕೈ ಇಟ್ಲು" ಎಂದ. ಬೊಬ್ಬೆ ಎದ್ದ ಚಿಗವ್ವನ ಬೆರಳು ನಾನು ಆಗಲೇ ನೋಡಿದ್ದು.

ಸಾಮಾನ್ಯವಾಗಿ ನನ್ನನ್ನು ಐದರ ಬಸ್ಸಿಗೆ ಹತ್ತಿಸಿಯೇ ಕಾಕಾ ಸಮಾಧಾನ ಪಡುತ್ತಿದ್ದ. ಕಾರಹುಣ್ಣಿಮೆಯ ದಿನ ಮಾತ್ರ ಹೋಳಿಗೆ ಉಂಡು ಅಲ್ಲೇ ಉಳಿದೆ. ಕಾಕಾ ರೂಢಿಯಂತೆ ಬಸ್ ಸ್ಟ್ಯಾಂಡಿಗೆ ಹೋಗಿದ್ದ. ಏಳು ಗಂಟೆ. ಚಿಗವ್ವ ದೇವರ ಮುಂದಿನ ದೀಪ ಹಿಡಿದು, ಗೋಡೆ ತಡವುತ್ತ ಕಪಾಟಿನ ಹತ್ತಿರ ಬಂದಳು. ಬಂದವಳೇ ಎರಡೂ ಬಾಗಿಲು ಅಗಲವಾಗಿ ತೆರೆದಳು. ಕೋಣೆಯ ಟ್ಯೂಬ್‌ಲೈಟಿನ ಬೆಳಕೆಲ್ಲ ಒಳಗೆ ನುಗ್ಗಿತು! ಗಿಡಗಳಿಗೆ ದೀಪ ತೋರಿಸಿದಳು. ಆಮೇಲೆ ಮಣೆ ಎಳೆದುಕೊಂಡು ಕುಳಿತು, ಬತ್ತಿ ಹೊಸೆಯುತ್ತ, ಅವುಗಳ ಜೊತೆ ಮಾತಿಗಿಳಿದಳು.

"ಚಿಗವ್ವಾ! ಏನ ಮಾಡಾಕತ್ತಿ?"

"ದೀಪಾ ತೋರಸಾಕತ್ತೇನಿ. ಮುಸ್ಸಂಜಿ ಹೊತ್ತಿನಾಗ ತವರಿನ ಗಿಡಾ ಕತ್ತಲದಾಗ ಇಡತಾರೇನವಾ? ನಮ್ಮವ್ವ ತುಳಸಿಗೆ ತೋರಿಸಿದ ದೀಪಾ ಸೇವಂತಿಗೂ ತೋರಸತಿದ್ಲು."

"ದಿನಾ ತೋರಸ್ತಿ?"

"ಒಂದ ದಿನಾ ತಪ್ಪಿಸಿಲ್ಲ" ಎಂದಳು, ಹೆಮ್ಮೆಯಿಂದ. "ಪಾಪ, ಅರ್ಧಾ ತಾಸ ಜೋಡಿಗೆ ಕುಂದರ್ತೇನಿ."

"ಕಾಕಾ ಬ್ಯಾಡ ಅಂದಿದ್ದನಲ್ಲ!"

"ಮುಟ್ಟಬ್ಯಾಡ ಅಂದಾರ. ನಾ ಮುಟ್ಟೇ ಇಲ್ಲ!"

ತಿರುಗಿ ನೋಡಿದರೆ ಬಾಗಿಲಲ್ಲಿ ಕಾಕಾ, ಹಬ್ಬವೆಂದು ಅಂದು ಬೇಗ ಬಂದಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನಾಲ್ಕಕ್ಕೆ ಹಾಕಿದ ರಾತ್ರಿಯನ್ನು ಏಳಕ್ಕೆ ದಿನವೂ ಯಾರು ಮುರಿಯುತ್ತಿದ್ದರು ಎಂಬುದು ಕಣ್ಣೆದುರೇ ಇತ್ತು. ಇನ್ನು ಮನೆಯ ಹಂಚು ಹಾರುತ್ತದೆ ಎಂದು ನಾನು ಗೋಡೆಗೆ ಒತ್ತಿ ನಿಂತೆ. ಅವನು ಮೆಲ್ಲಗೆ, ರಾತ್ರಿ ನಡುವೆ ಬೆಳಕು ಬಿದ್ದರೆ ಗಿಡ ಹೂ ಬಿಡುವುದಿಲ್ಲ ಎಂದಷ್ಟೇ ಹೇಳಿದ.

ಚಿಗವ್ವನ ಕೈಯಿಂದ ಬತ್ತಿ ಜಾರಿತು. "ಅಯ್ಯ ಶಿವನ! ನನ್ನ ಕೈಯಿಂದನ ಕೆಡಿಸಿದ್ನೇನ್ರಿ? ಹ್ವಾದ ವರ್ಷ ಆಡ ಬಿಟ್ಟಾಕಿ ನಾನ, ಸುಳ್ಳ್ಯಾಕ ಹೇಳ್ಲಿ. ಅಂಜಿಕಿ ಆಗಿತ್ತು. ಆದ್ರ ಈ ಸರ್ತಿ ಖರೇನ ಮಾಡಿಸ್ಕೊಳ್ಳಾಕಿ ಇದ್ನಿರಿ" ಎಂದು ಅತ್ತಳು.

ಕಾಕಾ ಬೋರ್ಡಿನ ಹತ್ತಿರ ಹೋದ. ಇನ್ನು ಮೇಲೆ ದೀಪ ತೋರಿಸಬೇಡ ಎಂದರೆ ಮುಗಿಯುತ್ತಿತ್ತು. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಅವನು ಹಳೆಯ ಹಾಳೆ ಹರಿದು ಹೊಸದು ಬರೆದ: 'ಬೆಳಗು: ಮುಂಜಾನೆ ಹತ್ತು. ರಾತ್ರಿ: ದೀಪ ತೋರಿಸಿದ ಬಳಿಕ.' ರಾತ್ರಿಗೆ ಗಂಟೆ ಇಲ್ಲ, ನಿಮಿಷ ಇಲ್ಲ! ಇಂಥ ಸಮಯವನ್ನು ಆ ಮನುಷ್ಯ ಜನ್ಮದಲ್ಲಿ ಬರೆದದ್ದು ಅದೇ ಮೊದಲು. "ನಿನ್ನ ಮಾತುಕತಿ ಮುಗೀಲಿ, ಆಮ್ಯಾಲ ಕತ್ತಲಾ ಮಾಡೂಣು" ಎಂದ. ಮರುದಿನದಿಂದ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುವುದನ್ನೂ ಬಿಟ್ಟ. ಆಕೆ ಮಣೆಯ ಮೇಲೆ, ಇವನು ಪಕ್ಕದಲ್ಲಿ ನೆಲದ ಮೇಲೆ. ಮಾತು ಮುಗಿದ ಮೇಲೆ ಇಬ್ಬರೂ ಸೇರಿ ರಾತ್ರಿ ಮಾಡುತ್ತಿದ್ದರು.

ಶ್ರಾವಣದಲ್ಲಿ ಮೊಗ್ಗು ಬಂತು. ಓಣಿಯೇ ಕಪಾಟಿನೆದುರು ಸಾಲು ನಿಂತಿತು. ಹೂ ಅರಳಿದ ಸೋಮವಾರ ಚಿಗವ್ವ ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿ, "ಆಣಿ ಇಟ್ಟಿದ್ನೆಲ್ರಿ, ನಡೀರಿ" ಅಂದಳು. ಕೂಡಲಸಂಗಮಕ್ಕೆ ಹೋಗಿ ಹೂ ಏರಿಸಿ ಬಂದೆವು. ಅದೇ ವಾರ ಬಾಗಲಕೋಟೆಯಲ್ಲಿ ಒಂದು ಕಣ್ಣಿನ ಆಪರೇಶನ್ ಆಯಿತು.

ಮರುದಿನ ಪಟ್ಟಿ ಬಿಚ್ಚುವ ಹೊತ್ತಿಗೆ ಕಾಕಾ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಒಂದು ಸೇವಂತಿಗೆಯನ್ನು ಆಕೆಯ ಮುಖದ ಮುಂದೆ ಹಿಡಿದು ನಿಂತ. ಆಕೆ ಮೊದಲು ನೋಡುವುದು ಅದನ್ನೇ ಆಗಬೇಕಂತೆ. ಡಾಕ್ಟರು ನಕ್ಕರು, ಪಟ್ಟಿ ತೆಗೆದರು. ಚಿಗವ್ವ ಕಣ್ಣು ಪಿಳಿಪಿಳಿ ಮಾಡಿದಳು. ಹೂ ಹಿಡಿದ ಅವನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ಅದರ ಹಿಂದೆ ಇದ್ದ ಮುಖವನ್ನೇ ನೋಡುತ್ತ ಕುಳಿತಳು.

"ನಿಮ್ಮ ತಲಿ ಯಾವಾಗ ಇಷ್ಟು ಬೆಳ್ಳಗಾತ್ರೀ?"

"ನಿನ್ನೆ" ಎಂದ ಕಾಕಾ. ಹೂ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡ.