ಕಾರು ನನ್ನದು, ಹಾಡು ಅವರದು

ಕಾರಿನಲ್ಲಿ ಹಾಡು ಕೇಳಿಸುವ ಯಂತ್ರ ಸುಧಾರಿಸಿದ ಹಾಗೆಲ್ಲ ಕಾರಿನಲ್ಲಿ ಕೂತವರೂ ಸುಧಾರಿಸುತ್ತಾರೆಂದು ಯಾರೂ ಮಾತು ಕೊಟ್ಟಿಲ್ಲ. ನನ್ನ ಕಾರಿನಲ್ಲಿ ಯಂತ್ರ ಮೂರು ಸಲ ಬದಲಾಯಿತು, ಜನ ಅವರೇ ಉಳಿದರು. ಆದ್ದರಿಂದ ಏನಾದರೊಂದು ಆಗುತ್ತಲೇ ಇತ್ತು, ಈಗಲೂ ಆಗುತ್ತಿದೆ.

ಸುರತ್ಕಲ್‌ನಿಂದ ಕೊಟ್ಟಾರದ ಕಚೇರಿಗೆ ದಿನಾ ನನ್ನ ಕಾರಿನಲ್ಲಿ ಮೂವರು. ಓಡಿಸುವವನು ನಾನು. ಪಕ್ಕದ ಸೀಟಿನಲ್ಲಿ ನಮ್ಮ ಸ್ಟೋರ್‌ಕೀಪರ್. ಹಿಂದೆ ಹೆಡ್‌ಕ್ಲರ್ಕ್ ಮೇಡಂ, ಅವರ ಟಿಫಿನ್ ಡಬ್ಬಿ ಮತ್ತು ಅವರ ಅಭಿಪ್ರಾಯಗಳು. ನಾನು ಮಾತು ಕಡಿಮೆಯ ಮನುಷ್ಯ. ರಾತ್ರಿ ಓದಿದ ಪುಸ್ತಕವನ್ನು ಬೆಳಿಗ್ಗೆ ಸ್ಟೀರಿಂಗ್ ಹಿಡಿದುಕೊಂಡು ನೆನೆಯುವುದು ನನ್ನ ಅಭ್ಯಾಸ. ಅದಕ್ಕೆ ಬೇಕಾದದ್ದು ಅರ್ಧ ಗಂಟೆಯ ಮೌನ. ಸ್ಟೋರ್‌ಕೀಪರರ ಪ್ರಕಾರ ಹಾಡಿಲ್ಲದೆ ಓಡುವುದು ಹೆಣ ಸಾಗಿಸುವ ವಾಹನ ಮಾತ್ರ.

ಈ ಲೋಕದಲ್ಲಿ ಸ್ಟೋರ್‌ಕೀಪರರಿಗೆ ಇದ್ದದ್ದು ಒಂದೇ ಚಿಂತೆ, ತಮ್ಮನ ಮದುವೆ. ತಮ್ಮನಿಗೆ ಮೂವತ್ತೆಂಟು ತುಂಬಿತ್ತು. ಆರು ಸಂಬಂಧ ಬಂದು ತಪ್ಪಿದ್ದವು. ತಪ್ಪಿಸಿದವರು ಮಸ್ಕತ್‌ನಲ್ಲಿರುವ ಸೋದರಮಾವ. ಅವರ ಕುಟುಂಬದಲ್ಲಿ ಸೋದರಮಾವ ಹೂಂ ಎನ್ನದೆ ಯಾವ ಮದುವೆಯೂ ಆಗುವುದಿಲ್ಲ. ಈ ಮಾವ ಆರು ಹುಡುಗಿಯರಲ್ಲಿ ಒಬ್ಬಳನ್ನೂ ನೋಡದೆ, ಆರನ್ನೂ ಫೋನಿನಲ್ಲೇ ಬೇಡ ಎಂದಿದ್ದರು. ಒಂದು ಮನೆ ರಸ್ತೆಯಿಂದ ದೂರ, ಇನ್ನೊಂದು ರಸ್ತೆಗೆ ತೀರ ಹತ್ತಿರ. ಒಬ್ಬಳಿಗೆ ಅಣ್ಣಂದಿರಿಲ್ಲ, ಇನ್ನೊಬ್ಬಳಿಗೆ ನಾಲ್ವರು. ಸ್ಟೋರ್‌ಕೀಪರ್ ಕಚೇರಿಯಲ್ಲಿ ಹುಲಿ; ಮಾವನ ಫೋನ್ ಬಂದರೆ ಅವರ ಬಾಯಿಯಿಂದ ಹೊರಡುವುದು ‘ಹೌದು ಮಾವ’, ‘ಆಯ್ತು ಮಾವ’ ಎಂಬ ಎರಡೇ ಮಾತು.

೧. ಹನ್ನೊಂದು ಹಾಡು

ಮೊದಲು ಬಂದದ್ದು ಪೆನ್‌ಡ್ರೈವ್. ಸ್ಟೋರ್‌ಕೀಪರ್ ಅದನ್ನು ಮೊಬೈಲ್ ಅಂಗಡಿಗೆ ಕೊಂಡುಹೋಗಿ ಎರಡು ಸಾವಿರ ಹಾಡು ತುಂಬಿಸಿಕೊಂಡು ಬಂದರು. ಆಯುಷ್ಯಕ್ಕೆ ಸಾಕು ಎಂದರು.

ನನ್ನ ಕಾರಿನ ಯಂತ್ರಕ್ಕೆ ಒಂದು ಗುಣ ಇತ್ತು. ಕೀ ತಿರುಗಿಸಿದಾಗಲೆಲ್ಲ ಅದು ಹಿಂದಿನದ್ದನ್ನು ಮರೆತು ಒಂದನೆಯ ಹಾಡಿನಿಂದ ಶುರು ಮಾಡುತ್ತಿತ್ತು. ಸುರತ್ಕಲ್‌ನಿಂದ ಕೊಟ್ಟಾರಕ್ಕೆ ಏಳು ಹಾಡು. ಬೈಕಂಪಾಡಿಯಲ್ಲಿ ಲಾರಿಗಳು ಅಡ್ಡ ನಿಂತರೆ ಹನ್ನೊಂದು. ಹೀಗೆ ಎಂಟು ತಿಂಗಳು ನಾವು ಹನ್ನೊಂದೇ ಹಾಡು ಕೇಳಿದೆವು. ಮುಂದಕ್ಕೆ ಒತ್ತುವ ಗುಂಡಿ ಇತ್ತು. ಒತ್ತಲು ಸ್ಟೋರ್‌ಕೀಪರ್ ಬಿಡುತ್ತಿರಲಿಲ್ಲ. ಸಾಲು ಬಿಟ್ಟು ಕೇಳಿದರೆ ಯಾವುದನ್ನು ಕೇಳಿ ಆಯಿತು ಎಂಬ ಲೆಕ್ಕ ತಪ್ಪುತ್ತದಂತೆ. ಸ್ಟೋರಿನಲ್ಲಿ ಮೊಳೆಯನ್ನೂ ಅವರು ಕೊಡುವುದು ಹಾಗೆಯೇ, ಡಬ್ಬಿಯ ಮೇಲಿನಿಂದ.

ಒಂದು ದಿನ ಕೂಳೂರು ಸೇತುವೆಯ ಮೇಲೆ ಟ್ಯಾಂಕರ್ ಕೆಟ್ಟು ನಿಂತಿತು. ಎರಡೂವರೆ ಗಂಟೆ ನಾವು ಅಲ್ಲಾಡಲಿಲ್ಲ. ಹನ್ನೆರಡನೆಯ ಹಾಡು ಬಂತು, ಇಪ್ಪತ್ತನೆಯದು ಬಂತು. ಮೇಡಂಗೆ ಹೊಸ ಊರಿಗೆ ಬಂದಷ್ಟು ಖುಷಿಯಾಯಿತು. ಮೂವತ್ತೊಂದನೆಯ ಹಾಡಿಗೆ ಸ್ಟೋರ್‌ಕೀಪರ್ ಬೆಚ್ಚಿ ಎದ್ದು ಕೂತರು.

“ಇದು ಯಾರು ಹಾಕಿದ್ದು? ನನ್ನ ಪೆನ್‌ಡ್ರೈವ್‌ನಲ್ಲಿ ಇಂಥದ್ದೆಲ್ಲ ಇಲ್ಲ.”

೨. ಹೆಬ್ಬೆರಳು

ಆಮೇಲೆ ಬಂದದ್ದು ಕಪ್ಪು ವೈರು. ಒಂದು ತುದಿ ಕಾರಿಗೆ, ಇನ್ನೊಂದು ತುದಿ ಮೇಡಂ ಅವರ ಫೋನಿಗೆ. ಫೋನಿನ ತೂತು ಸಡಿಲ. ವೈರಿನ ಮೂತಿಯನ್ನು ಸ್ವಲ್ಪ ಎಡಕ್ಕೆ ಬಾಗಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಹಾಡು, ಬಿಟ್ಟರೆ ಗೊರಗೊರ. ಹಿಡಿಯುವ ಕೆಲಸ ಮುಂದಿನ ಸೀಟಿನವರಿಗೆ ಬಂತು.

ಸ್ಟೋರ್‌ಕೀಪರ್ ಕೆಲಸಗಳ್ಳರಲ್ಲ, ಹಿಡಿದರು. ಆದರೆ ಅವರು ದೈವಭಕ್ತರು. ದಾರಿಯಲ್ಲಿ ದೇವಸ್ಥಾನ ಬಂದರೆ ಎರಡೂ ಕೈ ಜೋಡಿಸುತ್ತಾರೆ. ದೈವಸ್ಥಾನಕ್ಕೆ ಜೋಡಿಸುತ್ತಾರೆ. ಭಜನಾ ಮಂದಿರವನ್ನು ಬಿಟ್ಟರೆ ಬೇಸರವಾದೀತೆಂದು ಅದಕ್ಕೂ. ನನ್ನ ಮರ್ಯಾದೆಗೆಂದು ನಮ್ಮ ಇಗರ್ಜಿಗೆ, ಯಾರಿಗೂ ಭೇದ ಬೇಡವೆಂದು ಮಸೀದಿಗೆ. ಪ್ರತಿ ಸಲ ಕೈ ಜೋಡಿಸಿದಾಗಲೂ ಹಾಡು ಕಡಿಯುತ್ತಿತ್ತು. ಕೈ ಇಳಿಸಿದ ಮೇಲೆ ಗಾಯಕಿ ಎಲ್ಲಿ ತಲುಪಿರುತ್ತಿದ್ದಳೋ ಅಲ್ಲಿಂದ ಮತ್ತೆ ಕೇಳಿಸುತ್ತಿತ್ತು.

ಮೇಡಂ ಹಾಕುತ್ತಿದ್ದದ್ದು ಭಕ್ತಿಗೀತೆಗಳು. “ದೇವರ ಹಾಡನ್ನು ದೇವರಿಗೋಸ್ಕರ ನಿಲ್ಲಿಸುವುದು ಎಂಥ ಭಕ್ತಿ ಮಾರಾಯ್ರೆ?” ಎಂದು ಒಮ್ಮೆ ಕೇಳಿದರು. ಒಂದು ಕೈಯಲ್ಲಿ ನಮಸ್ಕಾರ ಮಾಡಿದರೆ ಅದು ಬಸ್ಸಿಗೆ ಕೈ ಮಾಡಿದ ಹಾಗೆ ಆಗುತ್ತದೆ ಎಂದು ಸ್ಟೋರ್‌ಕೀಪರ್ ಉತ್ತರ ಕೊಟ್ಟರು.

ಒಂದು ಹಾಡನ್ನು ಪೂರ್ತಿ ಕೇಳುವ ಯೋಗ ನಮಗೆ ಇದ್ದದ್ದು ಕಾರ್ಖಾನೆಯ ಉದ್ದದ ಕಾಂಪೌಂಡ್ ಬದಿಯಲ್ಲಿ ಮಾತ್ರ. ಅಲ್ಲಿ ಇನ್ನೂ ಯಾವ ದೇವರೂ ನೆಲೆಸಿರಲಿಲ್ಲ.

೩. ಬುಧವಾರ

ಬ್ಲೂಟೂತ್ ಬಂದ ಮೇಲೆ ಹಿಡಿಯುವ ಕೆಲಸ ತಪ್ಪಿತು, ಜಗಳ ಬಂತು. ಮೇಡಂ ಕಚೇರಿಯ ಕಾಗದದಲ್ಲಿ ಒಂದು ಪಟ್ಟಿ ಟೈಪ್ ಮಾಡಿ ತಂದು ಮೂವರ ಸಹಿಯನ್ನೂ ಹಾಕಿಸಿದರು. ಸೋಮವಾರ, ಗುರುವಾರ ಸ್ಟೋರ್‌ಕೀಪರರ ಫೋನು. ಮಂಗಳವಾರ, ಶುಕ್ರವಾರ ಅವರದು. ಕಾರಿನ ಯಜಮಾನನೆಂಬ ದಯೆಯಿಂದ ಬುಧವಾರ ನನ್ನದು.

ಬುಧವಾರ ನಾನು ಏನೂ ಹಾಕಲಿಲ್ಲ. ಐದು ನಿಮಿಷ ಇಬ್ಬರೂ ಕಾದರು. ಮುಕ್ಕದಿಂದ ಬರುವ ಬಸ್ಸುಗಳು ಹಾರ್ನ್ ಹಾಕುತ್ತ ನಮ್ಮನ್ನು ದಾಟಿದವು. ಪಣಂಬೂರು ಬಂತು. ಎಂತ ಸಿಗ್ನಲ್ ಇಲ್ಲವಾ ಎಂದು ಮೇಡಂ ಕೇಳಿದರು. ಇದು ನನ್ನ ದಿನ, ನನ್ನ ಆಯ್ಕೆ ಇದು ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯಲ್ಲಿ ಎಲ್ಲ ಸರಿ ಉಂಟಲ್ಲ ಎಂದು ವಿಚಾರಿಸಿದರು.

ಎರಡನೆಯ ಬುಧವಾರವೂ ಅದೇ. ಮೂರನೆಯ ಬುಧವಾರ ಊಟದ ಬಿಡುವಿನಲ್ಲಿ ಹೊರಗೆ ಬಂದು ನೋಡಿದರೆ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿಟ್ಟು ಒಬ್ಬ ಮೆಕ್ಯಾನಿಕ್ ತಲೆ ಒಳಗೆ ಹಾಕಿದ್ದ. ಸ್ಟೋರ್‌ಕೀಪರ್ ನನ್ನ ಮೇಜಿನಿಂದ ಕೀ ತಂದು ಅವನನ್ನು ಕರೆಸಿದ್ದರು. ಅವನು ವೈರುಗಳನ್ನೆಲ್ಲ ಪರೀಕ್ಷಿಸಿ, ಸಿಸ್ಟಮ್‌ನಲ್ಲಿ ಏನೂ ತೊಂದರೆ ಇಲ್ಲ ಎಂದ.

ಸ್ಟೋರ್‌ಕೀಪರ್ ನನ್ನ ಕಡೆ ತಿರುಗಿ ಬಹಳ ಕನಿಕರದಿಂದ ಹೇಳಿದರು: “ಹಾಗಾದರೆ ತೊಂದರೆ ನಿಮ್ಮಲ್ಲೇ ಉಂಟು, ಪೊರ್ಬುಲೇ.”

ಪೊರ್ಬುಲೇ ಎಂದರೆ ನಾನು. ನಮ್ಮ ಕೊಂಕಣಿ ಕ್ರಿಸ್ತುವರನ್ನು ತುಳುವರು ಗೌರವದಿಂದ ಕರೆಯುವುದು ಹಾಗೆ. ಗೌರವಕ್ಕೆ ಏನೂ ಕೊರತೆ ಇಲ್ಲ.

೪. ಕಂಡಕ್ಟರ್

ಪಟ್ಟಿಗೆ ಸಹಿ ಹಾಕಿದ್ದು ನಾವು, ಯಂತ್ರ ಅಲ್ಲ. ಆ ಮೆಕ್ಯಾನಿಕ್ ಕೈ ಹಾಕಿ ಹೋದಂದಿನಿಂದ ಯಾವ ವಾರವಿರಲಿ, ಕೀ ತಿರುಗಿಸಿದ ಕೂಡಲೇ ಅದು ಹುಡುಕಿ ಹಿಡಿಯುತ್ತಿದ್ದದ್ದು ಸ್ಟೋರ್‌ಕೀಪರರ ಫೋನನ್ನು. ಒಳಗಿನಿಂದ ಒಬ್ಬಳು ಹೆಂಗಸು ‘ಕನೆಕ್ಟೆಡ್’ ಎನ್ನುತ್ತಿದ್ದಳು. ಆಮೇಲೆ ಅವರ ಹಾಡು ಮಾತ್ರವಲ್ಲ, ಅವರಿಗೆ ಬರುವ ಫೋನುಗಳೂ ನಾಲ್ಕು ಸ್ಪೀಕರಿನಲ್ಲಿ. ಬಿಡಿಸಿಬಿಡಿ ಎಂದು ಎಷ್ಟೋ ಸಲ ಹೇಳಿದೆ. “ಬಿಡಿಸಲಿಕ್ಕೆ ಗೊತ್ತಿಲ್ಲ, ಸೇರಿಸಲಿಕ್ಕೆ ಮಾತ್ರ ಗೊತ್ತುಂಟು” ಎಂದರು.

ಒಂದು ಬೆಳಿಗ್ಗೆ ಕೊಟ್ಟಾರ ಚೌಕಿಯ ಟ್ರಾಫಿಕ್ ಬ್ಲಾಕಿನಲ್ಲಿ ನಿಂತಿದ್ದೆವು. ಸೆಕೆಗೆ ಗಾಜುಗಳೆಲ್ಲ ಇಳಿದಿದ್ದವು. ಮದುವೆ ಬ್ರೋಕರಿನ ಫೋನ್ ಬಂತು. ಹುಡುಗಿಯ ಓದು, ಬಣ್ಣ, ಎತ್ತರ, ತಂದೆಯ ಹೆಸರು, ಮನೆಯ ಎದುರಿನ ತೆಂಗಿನಮರಗಳ ಸಂಖ್ಯೆ ಎಲ್ಲವನ್ನೂ ಅವನು ಚೌಕಿಗೆ ಕೇಳುವ ಹಾಗೆ ವಿವರಿಸಿದ. ಪಕ್ಕದ ರಿಕ್ಷಾದವನು ಇಂಜಿನ್ ಆಫ್ ಮಾಡಿ ಕೇಳಿದ. ಮೇಡಂ ಹಿಂದಿನಿಂದ ಹುಡುಗಿಯ ವಯಸ್ಸು ಸರಿಯಾಗಿ ಕೇಳಿ ಎಂದು ಸೂಚನೆ ಕೊಟ್ಟರು. ಸ್ಟೋರ್‌ಕೀಪರರ ಮುಖದಲ್ಲಿ ತಿಂಗಳುಗಳ ನಂತರ ಬೆಳಕು ಬಂತು. ನಾಳೆಯೇ ನೋಡಲಿಕ್ಕೆ ಹೋಗುವ ಎಂದರು.

ಬಲಗಡೆ ನಿಂತಿದ್ದ ಸರ್ವಿಸ್ ಬಸ್ಸಿನ ಫುಟ್‌ಬೋರ್ಡಿನಿಂದ ಕಂಡಕ್ಟರ್ ಬಗ್ಗಿ ನಮ್ಮ ಕಿಟಕಿಯೊಳಗೆ ನೋಡಿದ.

“ಅಣ್ಣಾ, ಹೋಗಬೇಡಿ. ಅವಳದು ಮದುವೆ ಆಗಿ ತಿಂಗಳಾಯಿತು. ಗಂಡ ನಮ್ಮ ಡ್ರೈವರ್.”

ಮೇಲಿನಿಂದ ಡ್ರೈವರ್ ಹಾರ್ನ್ ಒತ್ತಿ ಅದನ್ನು ದೃಢಪಡಿಸಿದ.

೫. ಗಾಜು

ಡ್ರೈವರನ ಹೆಂಡತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಏಳನೆಯ ಸಂಬಂಧ ಕಾವೂರಿನ ಕಡೆಯದು. ಹುಡುಗಿ ಶಾಲೆಯಲ್ಲಿ ಟೀಚರ್. “ಪೊರ್ಬುಲೇ, ಭಾನುವಾರ ನಿಮ್ಮ ಕಾರು ಬೇಕು, ನೀವೂ ಬನ್ನಿ” ಎಂದರು ಸ್ಟೋರ್‌ಕೀಪರ್. ಯಾವುದು ಮುಖ್ಯ ಎಂಬುದು ಹೇಳಿದ ಕ್ರಮದಲ್ಲೇ ಇತ್ತು. ನಾನು ಇಗರ್ಜಿಯಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ, ಒಂದು ಪುಸ್ತಕ ತೆಗೆದುಕೊಂಡು ಹೊರಟೆ. ಸ್ಟೋರ್‌ಕೀಪರ್, ಅವರ ಹೆಂಡತಿ, ತಮ್ಮ. ದಾರಿಯುದ್ದಕ್ಕೂ ಹೆಂಡತಿ ಹೇಳಿದ್ದು ಒಂದೇ ಮಾತು: ಯಾರೂ ಏನೂ ಒಪ್ಪಿಬಿಡಬೇಡಿ. ಹನ್ನೊಂದು ಗಂಟೆಗೆ ಸರಿಯಾಗಿ ಮಸ್ಕತ್‌ಗೆ ಫೋನ್ ಮಾಡಿ ವರದಿ ಕೊಡಬೇಕೆಂದು ಮಾವನ ಅಪ್ಪಣೆಯಾಗಿತ್ತು. ತಮ್ಮ ಗಾಜಿನ ಹೊರಗೆ ನೋಡುತ್ತಿದ್ದ. “ಇದೂ ತಪ್ಪಿದರೆ ಇನ್ನು ನನ್ನನ್ನು ಕರೆದುಕೊಂಡು ಹೋಗಬೇಡಿ ಅಣ್ಣ, ಸಾಕಾಯ್ತು” ಎಂದ. ಸ್ಟೋರ್‌ಕೀಪರ್ ಆ ದಿನ ಹಾಡು ಹಾಕಲಿಲ್ಲ.

ಅಂಗಳದಲ್ಲಿ ನಮ್ಮನ್ನು ಎದುರುಗೊಂಡವರು ಹುಡುಗಿಯ ಸೋದರಮಾವ. ಬಿಳಿ ಪಂಚೆ, ದೊಡ್ಡ ಸ್ವರ. ಕಾರನ್ನು ಮುಂದೆ ತೆಗೆಸಿದರು, ಹಿಂದೆ ತೆಗೆಸಿದರು, ಮತ್ತೆ ಮೊದಲಿನ ಜಾಗಕ್ಕೇ ತರಿಸಿ, ಹಾಂ ಈಗ ಸರಿಯಾಯಿತು ಎಂದರು. ಮೂವರೂ ಒಳಗೆ ಹೋದರು. ನಾನು ಕಾರಿನಲ್ಲೇ ಉಳಿದೆ. ಆ ಮನೆಯ ನಾಯಿಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಲ್ಲದ್ದರಿಂದ ಗಾಜು ಏರಿಸಿ, ಇಂಜಿನ್ ಆಫ್ ಮಾಡಿ ಪುಸ್ತಕ ತೆರೆದೆ.

ಹನ್ನೊಂದಕ್ಕೆ ಸ್ಟೋರ್‌ಕೀಪರ್ ಫೋನನ್ನು ಕಿವಿಗೆ ಹಿಡಿದು ಜಗಲಿಯಿಂದ ಇಳಿದು, ಅಂಗಳದ ಬಾವಿಯ ಹತ್ತಿರ ಹೋಗಿ ನಿಂತರು. ಅದೇ ಹೊತ್ತಿಗೆ ಹುಡುಗಿಯ ಸೋದರಮಾವ ನಾಯಿಯನ್ನು ಅಟ್ಟಿ, ಕೆತ್ತಿದ ಎಳನೀರಿನ ಬೊಂಡವನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನನ್ನ ಗಾಜಿಗೆ ಮೊಣಕೈಯಿಂದ ಕುಟ್ಟಿದರು. ಕೀ ತಿರುಗಿಸದೆ ಆ ಗಾಜು ಇಳಿಯುವುದಿಲ್ಲ. ತಿರುಗಿಸಿದೆ, ಇಳಿಸಿದೆ.

ಒಳಗಿನ ಹೆಂಗಸು ‘ಕನೆಕ್ಟೆಡ್’ ಎಂದಳು. ಮಸ್ಕತ್ ಮಾತಾಡಿತು.

“ಹಾಂ, ಹೇಳು. ಹುಡುಗಿ ಹೇಗೆ?”

ಬಾವಿಯ ಹತ್ತಿರ ಸ್ಟೋರ್‌ಕೀಪರ್ “ಹಲೋ, ಮಾವ, ಹಲೋ” ಎನ್ನುತ್ತ ನೆಟ್‌ವರ್ಕ್ ಹುಡುಕಿಕೊಂಡು ಕಟ್ಟೆಗೆ ಸುತ್ತು ಬರಲಾರಂಭಿಸಿದರು. ಅವರ ಕಿವಿಗೆ ಹೋಗಬೇಕಾದದ್ದೆಲ್ಲ ನನ್ನ ಕಾರಿಗೆ ಬರುತ್ತಿತ್ತು, ಕಾರಿನಲ್ಲಿ ಆಡಿದ್ದು ಮಸ್ಕತ್‌ಗೆ ಹೋಗುತ್ತಿತ್ತು. ನಾನು ಸ್ವರ ತಗ್ಗಿಸಲು ಗುಂಡಿ ತಿರುಗಿಸಿದೆ, ಅದು ಏರಿತು. ಕೀಗೆ ಕೈ ಹಾಕಿದೆ. ಅಷ್ಟರಲ್ಲಿ ತುಂಬಿದ ಬೊಂಡ ನನ್ನ ಎರಡೂ ಕೈಗೆ ಬಂದು ಕೂತಿತು. ಕೊಟ್ಟವರು ಕಿಟಕಿಯೊಳಗೆ ತಲೆ ತೂರಿಸಿ, ಸ್ಪೀಕರನ್ನು ಒಂದು ಕ್ಷಣ ನೋಡಿ, ಶಾಂತವಾಗಿ ಉತ್ತರಿಸಿದರು.

“ಹುಡುಗಿ ಒಳ್ಳೆಯವಳು.”

“ಮನೆ ರಸ್ತೆಯಿಂದ ದೂರವಾ?”

“ದೂರವೂ ಅಲ್ಲ, ಹತ್ತಿರವೂ ಅಲ್ಲ. ಕಾರು ಅಂಗಳಕ್ಕೆ ಬರ್ತದೆ.”

“ಅಣ್ಣಂದಿರು?”

“ಒಬ್ಬ. ಎಷ್ಟು ಬೇಕೋ ಅಷ್ಟೇ.”

ಮಸ್ಕತ್‌ಗೆ ಅನುಮಾನ ಬಂತು. “ನಿನ್ನ ಸ್ವರ ಎಂತ ಹೀಗೆ?”

“ಶೀತ ಆಗಿದೆ.”

“ಕಷಾಯ ಕುಡಿ. ಈಗ ಮುಖ್ಯ ವಿಷಯ ಹೇಳು. ಹುಡುಗಿಯ ಸೋದರಮಾವ ಎಂಥ ಜನ?”

ಅವರು ನನ್ನ ಮುಖ ನೋಡಿದರು. ನಾನು ಬೊಂಡವನ್ನು ನೋಡಿದೆ.

“ಅಂಥ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬ ಇಲ್ಲ. ಮಾತು ಬಹಳ ಕಡಿಮೆ. ಯಾವ ವಿಷಯಕ್ಕೂ ತಲೆ ಹಾಕುವುದಿಲ್ಲ.” ಇದನ್ನು ಹೇಳುವಾಗ ಅವರ ತಲೆ ಭುಜದವರೆಗೆ ನನ್ನ ಕಾರಿನೊಳಗಿತ್ತು.

“ಹಾಗಾದರೆ ಆಯ್ತು,” ಎಂದಿತು ಮಸ್ಕತ್. “ನನ್ನದು ಹೂಂ.”

ಸ್ಟೋರ್‌ಕೀಪರ್ ಬೆವರು ಒರೆಸಿಕೊಳ್ಳುತ್ತ ಬಂದರು. ಮುಖ ನೋಡಲಿಕ್ಕಾಗುತ್ತಿರಲಿಲ್ಲ. ನೆಟ್‌ವರ್ಕ್ ಇಲ್ಲ, ಮಾವನ ಮಾತು ಒಂದೂ ಕೇಳಲಿಲ್ಲ, ಅವರ ಹೂಂ ಇಲ್ಲದೆ ಈಗ ಒಳಗೆ ಹೋಗಿ ಎಂತ ಹೇಳುವುದು ಎಂದು ನನ್ನನ್ನು ಕೇಳಿದರು. ಉತ್ತರ ಬಂದದ್ದು ಪಕ್ಕದಿಂದ.

“ನಿಮ್ಮ ಮಾವ ಒಪ್ಪಿದ್ದಾರೆ. ನಾನೇ ಮಾತಾಡಿದೆ.”

“ನಿಮಗೆ ಅವರ ನಂಬರ್ ಎಲ್ಲಿ ಸಿಕ್ಕಿತು?”

“ಕಾರಿನಲ್ಲಿ ಇತ್ತು.”

ಸ್ಟೋರ್‌ಕೀಪರ್ ನನ್ನನ್ನು ನೋಡಿದರು. ನಾನು ತಲೆ ಆಡಿಸಿ ಬೊಂಡ ಕುಡಿದೆ. ಒಳಗೆ ಹುಡುಗ, ಹುಡುಗಿ ಕಾಲು ಗಂಟೆ ಮೊದಲೇ ಒಪ್ಪಿ ಆಗಿತ್ತು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಮದುವೆಗೆ ಮಾವ ಮಸ್ಕತ್‌ನಿಂದ ಬಂದರು. ಊಟವಾದ ಮೇಲೆ ಹಾಲ್‌ನಲ್ಲಿ ಸೆಕೆ ಎಂದು ನನ್ನ ಕಾರಿನ ಎ.ಸಿ.ಯಲ್ಲಿ ಬಂದು ಕೂತರು. ಬಹಳ ಹೊತ್ತು ಹೊರಗೆ ನೋಡುತ್ತಿದ್ದು ನಿಟ್ಟುಸಿರು ಬಿಟ್ಟರು.

“ನನ್ನ ಅಳಿಯ ಜೀವಮಾನದಲ್ಲಿ ಬಾಯಿ ಬಿಟ್ಟು ಮಾತಾಡಿದ್ದು ಆ ದಿನ ಒಂದೇ. ಎಲ್ಲ ಸರಿಯಾಗಿ ಹೇಳಿದ. ಆದರೆ ಹುಡುಗಿಯ ಸೋದರಮಾವ ಮಾತು ಕಡಿಮೆ ಅಂದನಲ್ಲ? ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ. ಬಡಿಸುವವರಿಗೆ ಬಡಿಸಲಿಕ್ಕೆ ಹೇಳಿಕೊಡ್ತಾನೆ, ವಾದ್ಯದವರಿಗೆ ಊದಲಿಕ್ಕೆ ಹೇಳಿಕೊಡ್ತಾನೆ. ಅಳಿಯ ಒಳ್ಳೆಯವನೇ, ಪೊರ್ಬುಲೇ. ಜನರ ಗುರ್ತ ಮಾತ್ರ ಅವನಿಗೆ ಸಿಗುವುದಿಲ್ಲ.”

ನಾನು ಎ.ಸಿ. ಸ್ವಲ್ಪ ಏರಿಸಿದೆ. ಅಷ್ಟರಲ್ಲಿ ಯಾರೋ ಮೊಣಕೈಯಿಂದ ಗಾಜಿಗೆ ಕುಟ್ಟಿದರು. ಬಿಳಿ ಪಂಚೆ, ಎರಡು ಕೈಯಲ್ಲಿ ಎರಡು ಬೊಂಡ.

ಈ ಸಲ ನಾನು ಗಾಜು ಇಳಿಸಲಿಲ್ಲ.